ಗಿಟಾರ್ ಪೆಡಲ್‌ಗಳ ವಿದ್ಯುತ್ತು: ಬ್ಯಾಟರಿಯಿಂದ ಅಡಾಪ್ಟರ್‌ವರೆಗೆ

ಎಲೆಕ್ಟ್ರಿಕ್ ಗಿಟಾರಿನ ನಾದವನ್ನು ಒರಟಾಗಿಸುವ, ಮಾರ್ದನಿಸುವ, ಅಲೆಯಾಡಿಸುವ ಪುಟ್ಟ ಪೆಟ್ಟಿಗೆಗಳೇ ಪೆಡಲ್‌ಗಳು. ಇವಕ್ಕೆ ಅಡಾಪ್ಟರ್ ಕೊಳ್ಳುವವರು ನಾಲ್ಕು ಸಂಗತಿಗಳನ್ನು ಹೊಂದಿಸಿ ನೋಡಬೇಕಾಗುತ್ತದೆ: ಎಷ್ಟು ವೋಲ್ಟ್, ಎಸಿಯೋ ಡಿಸಿಯೋ, ಪ್ಲಗ್ಗಿನ ನಡುವೆ ಇರುವುದು ಪ್ಲಸ್ಸೋ ಮೈನಸ್ಸೋ, ಎಷ್ಟು ಮಿಲಿಆಂಪಿಯರ್. ಈ ನಾಲ್ಕನ್ನೂ ಯಾರೂ ಒಂದೆಡೆ ಕುಳಿತು ಗೊತ್ತುಮಾಡಲಿಲ್ಲ. ಒಂದೊಂದೂ ಒಂದೊಂದು ಕಾಲದ ಅನುಕೂಲಕ್ಕೆ ಹುಟ್ಟಿ, ಆಮೇಲೆ ರೂಢಿಯಾಗಿ ಉಳಿದುಕೊಂಡಿತು.

ಟ್ರಾನ್ಸಿಸ್ಟರ್ ಬರುವ ಮುನ್ನ ಇಂಥ ಸಾಧನಗಳು ಗೋಡೆಯ ಪ್ಲಗ್ಗನ್ನೇ ನಂಬಿದ್ದವು. 1940ರ ದಶಕದಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಡಿಆರ್ಮಂಡ್ ಟ್ರೆಮೊಲೊ ಕಂಟ್ರೋಲ್‌ನಲ್ಲಿ ಒಂದು ಮೋಟಾರು ದ್ರವ ತುಂಬಿದ ಡಬ್ಬಿಯನ್ನು ಕುಲುಕಿಸುತ್ತಿತ್ತು. ದ್ರವ ತುಳುಕಿದಂತೆ ಗಿಟಾರಿನ ಸದ್ದು ಏರಿಳಿಯುತ್ತಿತ್ತು. 1959ರಲ್ಲಿ ಬಂದ ಎಕೊಪ್ಲೆಕ್ಸ್ ಟೇಪಿನ ಮೇಲೆ ಧ್ವನಿ ಮುದ್ರಿಸಿಕೊಂಡು ಮಾರ್ದನಿ ಕೊಡುವ ಯಂತ್ರ. ಅದರೊಳಗಿನ ನಿರ್ವಾತ ನಳಿಕೆಗಳಿಗೆ ನೂರಾರು ವೋಲ್ಟ್ ಬೇಕಾಗಿತ್ತು. ಇವನ್ನು ಕಾಲ ಬಳಿ ಇಟ್ಟುಕೊಂಡು ತುಳಿಯುವಷ್ಟು ಚಿಕ್ಕದಾಗಿಸುವುದು ಆಗದ ಮಾತಾಗಿತ್ತು.

ಅದನ್ನು ಸಾಧ್ಯವಾಗಿಸಿದ್ದು ಜರ್ಮೇನಿಯಂ ಟ್ರಾನ್ಸಿಸ್ಟರ್. ಮಾರ್ಟಿ ರಾಬಿನ್ಸ್ ಹಾಡಿದ ‘ಡೋಂಟ್ ವರಿ’ ಗೀತೆಯನ್ನು ನ್ಯಾಶ್‌ವಿಲ್‌ನಲ್ಲಿ ಮುದ್ರಿಸುವಾಗ ಧ್ವನಿಫಲಕದ ಒಂದು ಚಾನೆಲ್ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರಿನ ಸದ್ದು ಒರಟಾಗಿ ಹೊರಬಂತು. 1961ರಲ್ಲಿ ಹಾಡು ಜನಪ್ರಿಯವಾದಾಗ ಆ ಸದ್ದಿಗೂ ಬೇಡಿಕೆ ಹುಟ್ಟಿತು. ಧ್ವನಿ ಎಂಜಿನಿಯರ್ ಗ್ಲೆನ್ ಸ್ನಾಡಿ ಅದನ್ನು ಬೇಕೆಂದಾಗ ಹೊರಡಿಸುವ ಸರ್ಕಿಟ್ ರೂಪಿಸಿದರು. ಗಿಬ್ಸನ್ ಕಂಪನಿ 1962ರಲ್ಲಿ ಅದನ್ನು ಮ್ಯಾಸ್ಟ್ರೊ ಫಝ್‌ಟೋನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಮೂರು ಟ್ರಾನ್ಸಿಸ್ಟರ್‌ಗಳ ಈ ಪೆಡಲ್‌ಗೆ 1.5 ವೋಲ್ಟಿನ ಎರಡು ಸೆಲ್ಲು, ಅಂದರೆ ಬರೀ 3 ವೋಲ್ಟ್ ಸಾಕಾಗುತ್ತಿತ್ತು. ಮೊದಲಿಗೆ ನಿಧಾನವಾಗಿದ್ದ ಮಾರಾಟ 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಲ್ಲಿ ಕೀತ್ ರಿಚರ್ಡ್ಸ್ ಅದನ್ನು ಬಳಸಿದ ಮೇಲೆ ಒಮ್ಮೆಲೇ ಏರಿತು. ಪೆಡಲ್ ಎಂದರೆ ಒಂಬತ್ತು ವೋಲ್ಟ್ ಎಂಬ ನಿಯಮ ಆಗ ಇನ್ನೂ ಇರಲಿಲ್ಲ.

ಆ ನಿಯಮ ಬಂದದ್ದು ರೇಡಿಯೊದಿಂದ. ಜೇಬಿನಲ್ಲಿ ಹಿಡಿಸುವ ಟ್ರಾನ್ಸಿಸ್ಟರ್ ರೇಡಿಯೊಗಳಿಗಾಗಿ ಎವೆರೆಡಿ ಕಂಪನಿ 1956ರಲ್ಲಿ ಆಯತಾಕಾರದ, ನೆತ್ತಿಯ ಮೇಲೆ ಎರಡು ಗುಂಡಿಗಳಿರುವ 9 ವೋಲ್ಟಿನ ಬ್ಯಾಟರಿಯನ್ನು ತಂದಿತ್ತು. ಒಳಗೆ ಇರುವುದು 1.5 ವೋಲ್ಟಿನ ಆರು ಪುಟ್ಟ ಸೆಲ್ಲುಗಳು. ರೇಡಿಯೊ ಮಾರುವ ಪ್ರತಿ ಅಂಗಡಿಯಲ್ಲೂ ಈ ಬ್ಯಾಟರಿ ಸಿಗುತ್ತಿದ್ದುದರಿಂದ ಪೆಡಲ್ ತಯಾರಕರು ಬೇರೆ ದಾರಿ ಹುಡುಕಲಿಲ್ಲ. 1965ರ ಟೋನ್ ಬೆಂಡರ್, 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ಹೊರತಂದ ದುಂಡನೆಯ ಫಝ್ ಫೇಸ್, 1967ರ ವಾಕ್ಸ್ ವಾ-ವಾ ಎಲ್ಲವೂ ಇದೇ ಬ್ಯಾಟರಿಯ ಮೇಲೆ ನಡೆದವು. ಒಂದು ಹೆಸರಾಂತ ಪೆಡಲ್ ಒಂಬತ್ತು ವೋಲ್ಟಿನಲ್ಲಿ ಹೇಗೆ ನುಡಿಯುತ್ತದೋ ಅದೇ ಸರಿಯಾದ ಸದ್ದು ಎಂದು ನುಡಿಸುವವರ ಕಿವಿಯೂ ಒಗ್ಗಿಕೊಂಡಿತು.

ಫಝ್ ಫೇಸ್ ಒಂದು ವಿಶೇಷವನ್ನೂ ಬಿಟ್ಟುಹೋಯಿತು. ಅದರ ಪಿಎನ್‌ಪಿ ಮಾದರಿಯ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳಿಗಾಗಿ ಬ್ಯಾಟರಿಯ ಪ್ಲಸ್ ತುದಿಯನ್ನು ಪೆಟ್ಟಿಗೆಯ ಮೈಗೆ, ಅಂದರೆ ಗ್ರೌಂಡಿಗೆ ಜೋಡಿಸಲಾಗಿತ್ತು. ಮುಂದೆ ಬಂದ ಹೆಚ್ಚಿನ ಪೆಡಲ್‌ಗಳಲ್ಲಿ ಗ್ರೌಂಡಿಗೆ ಸೇರುವುದು ಮೈನಸ್. ಬ್ಯಾಟರಿ ಒಳಗೇ ಇರುವವರೆಗೆ ಈ ವ್ಯತ್ಯಾಸ ಯಾರನ್ನೂ ಬಾಧಿಸಲಿಲ್ಲ. ಅಡಾಪ್ಟರ್ ಬಂದ ಮೇಲೆ ಅದೇ ತಲೆನೋವಾಯಿತು.

1970ರ ದಶಕದಲ್ಲಿ ಪೆಡಲ್‌ಗಳು ದೊಡ್ಡ ಉದ್ಯಮವಾದವು. ಮೈಕ್ ಮ್ಯಾಥ್ಯೂಸ್ 1968ರಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ ಎಲೆಕ್ಟ್ರೋ-ಹಾರ್ಮೊನಿಕ್ಸ್, ಅದೇ ರಾಜ್ಯದ ರಾಚೆಸ್ಟರಿನಲ್ಲಿ 1970ರ ದಶಕದ ಆರಂಭದಲ್ಲಿ ತಲೆಯೆತ್ತಿದ ಎಂಎಕ್ಸ್‌ಆರ್ ಮುಂಚೂಣಿಯಲ್ಲಿದ್ದವು. ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ದಾರಿ. ಎಂಎಕ್ಸ್‌ಆರ್ ಫೇಸ್ 90ರಲ್ಲಿ ಬಹಳ ಕಾಲ ಅಡಾಪ್ಟರ್ ಚುಚ್ಚುವ ತೂತೇ ಇರಲಿಲ್ಲ. ಎಲೆಕ್ಟ್ರೋ-ಹಾರ್ಮೊನಿಕ್ಸ್‌ನ ಹಳೆಯ ಪೆಡಲ್‌ಗಳೂ ರ್‍ಯಾಟ್ ಎಂಬ ಪ್ರಸಿದ್ಧ ಡಿಸ್ಟಾರ್ಷನ್ ಪೆಡಲ್ಲೂ ಇಯರ್‌ಫೋನಿನಂಥ 3.5 ಮಿಲಿಮೀಟರ್ ಪ್ಲಗ್ಗನ್ನು ಕೇಳುತ್ತಿದ್ದವು. ಅದರ ತುದಿಯಲ್ಲಿ ಪ್ಲಸ್ ಇರಬೇಕಿತ್ತು. ಬಾಸ್ ಕಂಪನಿ 1976ರಲ್ಲಿ ತಂದ ಸಿಇ-1 ಕೋರಸ್ ನೇರವಾಗಿ ಗೋಡೆಯ ವಿದ್ಯುತ್ತಿಗೇ ಕೈಚಾಚುತ್ತಿತ್ತು.

ಈ ಗೊಂದಲಕ್ಕೆ ಒಂದು ಆಕಾರ ಕೊಟ್ಟಿದ್ದು ಅದೇ ಬಾಸ್. ಜಪಾನಿನ ಈ ಕಂಪನಿ 1977ರಲ್ಲಿ ಓವರ್‌ಡ್ರೈವ್ ಒಡಿ-1, ಫೇಸರ್ ಪಿಎಚ್-1, ಸ್ಪೆಕ್ಟ್ರಮ್ ಎಸ್‌ಪಿ-1 ಎಂಬ ಒಂದೇ ಅಳತೆಯ ಮೂರು ಪೆಡಲ್‌ಗಳನ್ನು ಬಿಡುಗಡೆ ಮಾಡಿತು. ಅಲ್ಲಿಂದ ಬೆಳೆದ ಬಾಸ್ ಸರಣಿ ಲೋಕದೆಲ್ಲೆಡೆ ಮಾರಾಟವಾಗಿ, 5.5 ಮಿಲಿಮೀಟರ್ ಹೊರವ್ಯಾಸದ, 2.1 ಮಿಲಿಮೀಟರ್ ಒಳರಂಧ್ರದ, ನಡುವೆ ಮೈನಸ್ ಇರುವ ಪ್ಲಗ್ಗು ಪೆಡಲ್ ಲೋಕದ ರೂಢಿಯಾಯಿತು. ಮನೆಯ ಬೇರೆ ಉಪಕರಣಗಳಲ್ಲಿ ನಡುವೆ ಪ್ಲಸ್ ಇರುವುದೇ ಹೆಚ್ಚು. ಪೆಡಲ್‌ಗಳಲ್ಲಿ ಇದು ತಿರುಗುಮುರುಗಾಗಲು ಸಾಮಾನ್ಯವಾಗಿ ಕೊಡುವ ಕಾರಣ ಬ್ಯಾಟರಿ. ಪ್ಲಗ್ಗು ಒಳಹೊಕ್ಕಾಗ ಸಂಪರ್ಕ ಕಡಿಯುವ ಸ್ವಿಚ್ಚು ಜಾಕಿನಲ್ಲಿ ಇರುವುದು ಹೊರಕವಚದ ಕಡೆ. ಬ್ಯಾಟರಿಯ ಪ್ಲಸ್ ತಂತಿಯನ್ನು ಆ ಸ್ವಿಚ್ಚಿನ ಮೂಲಕ ಹಾಯಿಸಿದರೆ, ಅಡಾಪ್ಟರ್ ಚುಚ್ಚಿದ ಕ್ಷಣ ಬ್ಯಾಟರಿ ತಾನಾಗಿಯೇ ಕಳಚಿಕೊಳ್ಳುತ್ತದೆ. ಹೊರಕವಚ ಪ್ಲಸ್ ಆದರೆ ನಡುವಿಗೆ ಉಳಿಯುವುದು ಮೈನಸ್.

ಬ್ಯಾಟರಿಯ ಮೈನಸ್ ತಂತಿಗೆ ಬೇರೊಂದು ಉಪಾಯ ಮಾಡಲಾಗಿತ್ತು. ಗಿಟಾರಿನ ಕೇಬಲ್ ಚುಚ್ಚುವ ಜಾಕು ಮೂರು ಸಂಪರ್ಕಗಳ ಸ್ಟೀರಿಯೊ ಜಾಕು. ಎರಡೇ ಸಂಪರ್ಕದ ಕೇಬಲ್ ಒಳಹೋದಾಗ ಬ್ಯಾಟರಿಯ ಮೈನಸ್ ಗ್ರೌಂಡಿಗೆ ಸೇರಿ ಪೆಡಲ್ ಚಾಲೂ ಆಗುತ್ತದೆ. ನುಡಿಸಿ ಮುಗಿದ ಮೇಲೆ ಕೇಬಲ್ ಕಿತ್ತಿಡದಿದ್ದರೆ ಬ್ಯಾಟರಿ ಖಾಲಿಯಾಗುವುದು ಇದರಿಂದಲೇ.

ಬಾಸ್‌ನ ಮೊದಲ ಕಾಲದ ಎಸಿಎ ಅಡಾಪ್ಟರ್ ವೋಲ್ಟೇಜನ್ನು ಬಿಗಿಯಾಗಿ ಹಿಡಿದಿಡುತ್ತಿರಲಿಲ್ಲ. ಹೊರೆ ಕಡಿಮೆಯಿದ್ದಾಗ ಅದು 12 ವೋಲ್ಟಿನ ಆಸುಪಾಸಿಗೆ ಏರುತ್ತಿತ್ತು. ಅದನ್ನು ಒಂಬತ್ತರ ಸಮೀಪಕ್ಕೆ ಇಳಿಸಲು ಪೆಡಲ್ಲಿನೊಳಗೇ ಒಂದು ರೆಸಿಸ್ಟರ್ ಮತ್ತು ಡಯೋಡನ್ನು ಇಟ್ಟಿದ್ದರು. ಮುಂದೆ ಸ್ಥಿರವಾಗಿ 9 ವೋಲ್ಟ್ ಕೊಡುವ ಪಿಎಸ್‌ಎ ಅಡಾಪ್ಟರ್ ಬಂದಾಗ ಹೊಸ ಪೆಡಲ್‌ಗಳಿಂದ ಆ ಭಾಗಗಳನ್ನು ತೆಗೆಯಲಾಯಿತು. ಹಾಗಾಗಿ ಎಸಿಎ ಎಂದು ಬರೆದ ಹಳೆಯ ಪೆಡಲ್ಲಿಗೆ ಈಗಿನ ಅಡಾಪ್ಟರ್ ಒಂದನ್ನೇ ಕೊಟ್ಟರೆ ದೀಪ ಮಂಕಾಗಿ, ಸದ್ದು ಸೊರಗುತ್ತದೆ. ಅದೇ ಅಡಾಪ್ಟರಿನಿಂದ ಪಕ್ಕದ ಹೊಸ ಪೆಡಲ್ಲಿಗೂ ವಿದ್ಯುತ್ ಹೋಗುತ್ತಿದ್ದರೆ ಹಳೆಯದೂ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡನ್ನೂ ಜೋಡಿಸುವ ಕೇಬಲ್ಲಿನ ಗ್ರೌಂಡು ಆ ರೆಸಿಸ್ಟರಿನ ಮೂಲಕ ಹಾಯದ ಬೇರೆ ದಾರಿ ಒದಗಿಸುವುದೇ ಇದಕ್ಕೆ ಕಾರಣ.

ಮಿಲಿಆಂಪಿಯರಿನ ಪ್ರಶ್ನೆ ಮುನ್ನೆಲೆಗೆ ಬಂದದ್ದು ಡಿಜಿಟಲ್ ಪೆಡಲ್‌ಗಳೊಡನೆ. ನಾದವನ್ನು ಒರಟಾಗಿಸುವ ಸರಳ ಫಝ್ ಅಥವಾ ಓವರ್‌ಡ್ರೈವ್ ಕೆಲವೇ ಮಿಲಿಆಂಪಿಯರ್ ಎಳೆಯುತ್ತದೆ. ಒಂದು ಬ್ಯಾಟರಿ ವಾರಗಟ್ಟಲೆ ಬಾಳಬಹುದು. 1983ರಲ್ಲಿ ಬಂದ ಬಾಸ್ ಡಿಡಿ-2 ಡಿಜಿಟಲ್ ಡಿಲೇ ಬ್ಯಾಟರಿಯನ್ನು ಗಂಟೆಗಳಲ್ಲಿ ಬರಿದು ಮಾಡುತ್ತಿತ್ತು. ಕೆಲವು ಪೆಡಲ್‌ಗಳು ಡಿಸಿಯನ್ನೇ ಬಿಟ್ಟವು. 1999ರ ಲೈನ್ 6 ಡಿಎಲ್4ಗೆ ಬೇಕಾಗಿದ್ದುದು 9 ವೋಲ್ಟಿನ ಎಸಿ. ಡಿಜಿಟೆಕ್ ವ್ಹ್ಯಾಮಿಯೂ ಎಸಿಯನ್ನೇ ನಂಬಿತ್ತು. 2012ರ ಐದನೆಯ ಆವೃತ್ತಿಯಲ್ಲಷ್ಟೇ ಅದು ಡಿಸಿಗೆ ಬದಲಾಯಿತು. ಈಗಿನ ದೊಡ್ಡ ಡಿಜಿಟಲ್ ರಿವರ್ಬ್ ಮತ್ತು ಡಿಲೇಗಳು 250ರಿಂದ 300 ಮಿಲಿಆಂಪಿಯರ್, ಕೆಲವು ಅದಕ್ಕೂ ಹೆಚ್ಚು ಬೇಡುತ್ತವೆ.

ಒಂದೇ ಹಲಗೆಯ ಮೇಲೆ ಹತ್ತಾರು ಪೆಡಲ್ ಕೂರಿಸುವ ರೂಢಿ ಬೆಳೆದಾಗ ಒಂದೇ ಅಡಾಪ್ಟರಿನಿಂದ ಕವಲೊಡೆಯುವ ವೈರು, ಅಂದರೆ ಡೇಸಿ ಚೈನ್, ಅಗ್ಗದ ಪರಿಹಾರವಾಯಿತು. ಅದರ ದೋಷಗಳೂ ಬೇಗ ಬಯಲಾದವು. ಡಿಜಿಟಲ್ ಪೆಡಲ್ಲಿನೊಳಗಿನ ಕ್ಲಾಕ್ ಸರ್ಕಿಟಿನ ಸದ್ದು ಅದೇ ವೈರಿನ ಮೂಲಕ ಪಕ್ಕದ ಓವರ್‌ಡ್ರೈವಿಗೆ ಸೋರಿ ಕೀಚಲು ಸಿಳ್ಳಾಗುತ್ತದೆ. ಗ್ರೌಂಡು ಎರಡು ದಾರಿಯಲ್ಲಿ ಸುತ್ತುವುದರಿಂದ ಗುಂಯ್‌ಗುಡುವ ಹಮ್ ಹುಟ್ಟುತ್ತದೆ. ಪ್ಲಸ್ ಗ್ರೌಂಡಿನ ಫಝ್ ಫೇಸನ್ನು ಇಂಥ ಸಾಲಿಗೆ ಸೇರಿಸಿದರಂತೂ ಆಡಿಯೊ ಕೇಬಲ್ಲಿನ ಕವಚದ ಮೂಲಕವೇ ಪ್ಲಸ್ಸೂ ಮೈನಸ್ಸೂ ಕೂಡಿ ಅಡಾಪ್ಟರ್ ಶಾರ್ಟ್ ಆಗುತ್ತದೆ.

ಇದಕ್ಕೆ ಮದ್ದಾಗಿ ಬಂದದ್ದು ಪ್ರತಿ ಹೊರದಾರಿಯೂ ಬೇರೆ ಬೇರೆಯಾಗಿರುವ ಐಸೊಲೇಟೆಡ್ ಪವರ್ ಸಪ್ಲೈ. ಅಮೆರಿಕದ ವೂಡೂ ಲ್ಯಾಬ್ ಕಂಪನಿಯ ಪೆಡಲ್ ಪವರ್ 2 ಪ್ಲಸ್ ಈ ಬಗೆಯಲ್ಲಿ ಹೆಸರು ಮಾಡಿತು. ಅದರ ಎಂಟು ಹೊರದಾರಿಗಳಲ್ಲಿ ಆರು 100 ಮಿಲಿಆಂಪಿಯರ್, ಎರಡು 250 ಮಿಲಿಆಂಪಿಯರ್ ಕೊಡುತ್ತಿದ್ದವು. ಎರಡು ಹೊರದಾರಿಗಳಿಗೆ ವೋಲ್ಟೇಜನ್ನು ಬೇಕೆಂತಲೇ ಇಳಿಸುವ ತಿರುಪೂ ಇತ್ತು. ಸೊರಗಿದ ಬ್ಯಾಟರಿಯಲ್ಲಿ ಜರ್ಮೇನಿಯಂ ಫಝ್ ಇನ್ನೂ ಇಂಪು ಎಂದು ನಂಬಿದವರಿಗಾಗಿ ಇಟ್ಟ ಅನುಕೂಲ ಅದು. ಇನ್ನೊಂದು ದಾರಿ ಸ್ವಿಚ್ಚಿಂಗ್ ಅಡಾಪ್ಟರುಗಳದು. ವಿಷುವಲ್ ಸೌಂಡ್ ಕಂಪನಿಯ ‘1 ಸ್ಪಾಟ್’ ಒಂದು ಪುಟ್ಟ ಪ್ಲಗ್ಗಿನಲ್ಲೇ 1,700 ಮಿಲಿಆಂಪಿಯರ್ ಕೊಟ್ಟು, 100ರಿಂದ 240 ವೋಲ್ಟಿನವರೆಗೆ ಯಾವ ದೇಶದ ವಿದ್ಯುತ್ತಿಗೂ ಹೊಂದಿಕೊಂಡಿತು. ಅಡಾಪ್ಟರುಗಳು ವಿದ್ಯುತ್ ಪೋಲು ಮಾಡಬಾರದೆಂದು ಅಮೆರಿಕ 2007ರಲ್ಲಿ ಮಾಡಿದ ಕಾನೂನು ಮರುವರ್ಷ ಜಾರಿಗೆ ಬಂದ ಮೇಲೆ ಭಾರದ ಟ್ರಾನ್ಸ್‌ಫಾರ್ಮರ್ ಅಡಾಪ್ಟರುಗಳು ಹಿಂದೆ ಸರಿದವು.

ಇಂದಿನ ಆಯ್ಕೆಯ ನಿಯಮಗಳು ಈ ಚರಿತ್ರೆಯಿಂದಲೇ ಹೊರಡುತ್ತವೆ. ವೋಲ್ಟೇಜು ಪೆಡಲ್ಲಿನ ಮೇಲೆ ಬರೆದಷ್ಟೇ ಇರಬೇಕು. ಒಳಗೇ ವೋಲ್ಟೇಜು ಏರಿಸಿಕೊಳ್ಳುವ ಚಿಪ್ ಇರುವ ಕೆಲವು ಪೆಡಲ್‌ಗಳು 12 ವೋಲ್ಟ್ ಕೊಟ್ಟರೆ ಸುಟ್ಟುಹೋಗುತ್ತವೆ. ಎಸಿ ಬೇಡುವುದಕ್ಕೆ ಡಿಸಿ, ಡಿಸಿ ಬೇಡುವುದಕ್ಕೆ ಎಸಿ ಸಲ್ಲದು. ಪ್ಲಗ್ಗಿನ ನಡುವಿನ ಧ್ರುವವನ್ನು ಸೂಚಿಸುವ ಪುಟ್ಟ ಚಿತ್ರ ಪೆಡಲ್ ಮತ್ತು ಅಡಾಪ್ಟರ್ ಎರಡರಲ್ಲೂ ಒಂದೇ ಆಗಿರಬೇಕು. ಮಿಲಿಆಂಪಿಯರ್ ಮಾತ್ರ ಅಡಾಪ್ಟರಿನಲ್ಲಿ ಹೆಚ್ಚಿದ್ದರೆ ತೊಂದರೆಯಿಲ್ಲ, ಏಕೆಂದರೆ ಪೆಡಲ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ, ಕಡಿಮೆಯಿರಬಾರದು. ಡಿಜಿಟಲ್ ಪೆಡಲ್‌ಗಳಿಗೂ ಪ್ಲಸ್ ಗ್ರೌಂಡಿನ ಫಝ್‌ಗಳಿಗೂ ಪ್ರತ್ಯೇಕ ಹೊರದಾರಿ ಕ್ಷೇಮ. ಅಮೆರಿಕದ 120 ಅಥವಾ ಜಪಾನಿನ 100 ವೋಲ್ಟಿಗೆ ಮಾಡಿದ ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರನ್ನು ಭಾರತದ 230 ವೋಲ್ಟಿಗೆ ನೇರವಾಗಿ ಚುಚ್ಚಿದರೆ ಅದು ಸುಡುತ್ತದೆ. ಪೆಡಲ್ ಎಷ್ಟೇ ದುಬಾರಿಯದಾಗಿರಲಿ, ಅದರ ಬೆನ್ನ ಮೇಲಿನ ಚೀಟಿಯನ್ನು ಓದದೆ ಅಡಾಪ್ಟರ್ ಚುಚ್ಚಬಾರದು.