ಆರ್ಪಾನೆಟ್ ಜಾಲದಲ್ಲಿ ಮಾರ್ಗಮಾನದ ವಿಚಾರ

ಎರಡು ಊರುಗಳ ನಡುವೆ ಹಲವು ದಾರಿಗಳಿದ್ದಲ್ಲಿ ಯಾವುದು ಸಮೀಪವೆಂಬುದು ಅಳೆಯುವ ಕೋಲನ್ನು ಅವಲಂಬಿಸಿರುವುದಷ್ಟೆ. ಹರದಾರಿಯ ಲೆಕ್ಕಕ್ಕೆ ಹತ್ತಿರವಾದುದು ಗಳಿಗೆಯ ಲೆಕ್ಕಕ್ಕೆ ದೂರವಾಗಬಹುದು. ಗಣಕಯಂತ್ರಗಳ ಜಾಲದಲ್ಲಿ ಈ ಕೋಲನ್ನು ಆರಿಸುವುದು ಎಷ್ಟು ತೊಡಕಿನ ಕಾರ್ಯವೆಂಬುದಕ್ಕೆ ಅಮೆರಿಕದ ಆರ್ಪಾನೆಟ್ಟಿನ ಚರಿತ್ರೆಯೇ ಸಾಕ್ಷಿಯಾಗಿದೆ.

1969 ರಲ್ಲಿ ನಾಲ್ಕು ನೆಲೆಗಳಿಂದ ಆರಂಭವಾದ ಈ ಜಾಲದಲ್ಲಿ ಪ್ಯಾಕೆಟ್ಟುಗಳನ್ನು ಮುಂದಕ್ಕೆ ಸಾಗಿಸುವ ಕೆಲಸವು ಬಿ.ಬಿ.ಎನ್. ಸಂಸ್ಥೆಯು ನಿರ್ಮಿಸಿದ ಐ.ಎಂ.ಪಿ. ಎಂಬ ಯಂತ್ರಗಳದಾಗಿದ್ದಿತು. ಪ್ರತಿಯೊಂದು ಯಂತ್ರವೂ ತಾನರಿತ ದೂರಗಳ ಪಟ್ಟಿಯನ್ನು ಸುಮಾರು ಸೆಕೆಂಡಿನ ಮೂರರಲ್ಲಿ ಎರಡು ಪಾಲಿಗೊಮ್ಮೆ ನೆರೆಯ ಯಂತ್ರಗಳಿಗೆ ತಿಳಿಸುತ್ತಿದ್ದಿತು. ದೂರವೆಂದರೆ ಆ ಕ್ಷಣದಲ್ಲಿ ತಂತಿಯ ಬಾಯಲ್ಲಿ ಕಾದಿದ್ದ ಪ್ಯಾಕೆಟ್ಟುಗಳ ಸಂಖ್ಯೆ, ಅದರ ಮೇಲೊಂದು ಸ್ಥಿರಾಂಕ. ತಂತಿಯ ವೇಗವಾಗಲಿ ಉದ್ದವಾಗಲಿ ಈ ಲೆಕ್ಕಕ್ಕೆ ಬರುತ್ತಿರಲಿಲ್ಲ. ಕ್ಷಣಕ್ಷಣಕ್ಕೂ ಏರಿಳಿಯುವ ಸಾಲನ್ನು ನಂಬಿ, ಕೇಳಿದ ಸುದ್ದಿಯನ್ನೇ ಮತ್ತೊಬ್ಬರಿಗೆ ಹೇಳುತ್ತಿದ್ದುದರಿಂದ ಪ್ಯಾಕೆಟ್ಟುಗಳು ಕೆಲವು ವೇಳೆ ಸುತ್ತಿದಲ್ಲೇ ಸುತ್ತುತ್ತಿದ್ದುವು.

1979 ನೆಯ ಮೇ ತಿಂಗಳಲ್ಲಿ ಹೊಸ ಕ್ರಮವು ಜಾರಿಗೆ ಬಂದಿತು. ಮೆಕ್‌ಕ್ವಿಲನ್, ರಿಚರ್, ರೋಸೆನ್ ಇವರು ಇದನ್ನು 1980 ರಲ್ಲಿ ವಿವರಿಸಿರುವರು. ಪ್ರತಿಯೊಂದು ಯಂತ್ರವೂ ತನ್ನ ತಂತಿಗಳಲ್ಲಿ ಪ್ಯಾಕೆಟ್ಟುಗಳಿಗೆ ತಗಲುವ ಕಾಲವನ್ನು ಅಳೆದು, ಹತ್ತು ಸೆಕೆಂಡುಗಳ ಸರಾಸರಿಯನ್ನು ಜಾಲಕ್ಕೆಲ್ಲ ಸಾರುವುದು. ಎಲ್ಲ ಯಂತ್ರಗಳೂ ಇಡೀ ಜಾಲದ ನಕ್ಷೆಯನ್ನಿಟ್ಟುಕೊಂಡು, ಡೈಕ್‌ಸ್ಟ್ರಾ 1959 ರಲ್ಲಿ ಪ್ರಕಟಿಸಿದ ವಿಧಾನದಿಂದ ಕಿರುದಾರಿಯನ್ನು ಎಣಿಸುವುದು. ಸಂಚಾರವು ಹಗುರವಾಗಿದ್ದಷ್ಟು ಕಾಲ ಇದಕ್ಕಿಂತ ಮೇಲಾದ ಮಾನವಿರಲಿಲ್ಲ.

ಸಂಚಾರವು ಹೆಚ್ಚಿದಾಗ ಕೇಡು ತೋರಿತು. ಜಾಲದ ಎರಡು ಭಾಗಗಳನ್ನು ಎರಡೇ ತಂತಿಗಳು ಕೂಡಿಸುತ್ತಿವೆಯೆಂದು ಭಾವಿಸಬಹುದು. ಮೊದಲನೆಯದು ತುಂಬಿತೆಂಬ ಸುದ್ದಿ ಹಬ್ಬಿದೊಡನೆ ಎಲ್ಲ ಯಂತ್ರಗಳೂ ಒಮ್ಮೆಗೇ ಎರಡನೆಯದಕ್ಕೆ ತಿರುಗುವುವು. ಮುಂದಿನ ಸುದ್ದಿಗೆ ಎಲ್ಲವೂ ಹಿಂದಿರುಗುವುವು. ಒಂದು ಉಕ್ಕುತ್ತಿರುವಾಗ ಮತ್ತೊಂದು ಬರಿದು. ಅಳತೆಯೇನೋ ಸುಳ್ಳಲ್ಲ; ಆದರೆ ಸಾರಿದುದರಿಂದಲೇ ಅದು ಸುಳ್ಳಾಗುತ್ತಿದ್ದಿತು. ಸಾಮರ್ಥ್ಯವು ಅತ್ಯಂತ ಬೇಕಾದ ವೇಳೆಯಲ್ಲಿಯೇ ಅದರ ಅರ್ಧವು ವ್ಯರ್ಥವಾಗುತ್ತಿದ್ದಿತೆಂಬುದು ಸಣ್ಣ ದೋಷವಲ್ಲ. ಈ ದೋಷವನ್ನು ಎಣಿಕೆಯ ವಿಧಾನದ ಮೇಲೆ ಹೊರಿಸುವುದು ನ್ಯಾಯವಲ್ಲವೆಂಬುದು ಮುಂದಿನ ಸಂಗತಿಯಿಂದ ಸಿದ್ಧಪಡುತ್ತದೆ.

1987 ನೆಯ ಜುಲೈ ತಿಂಗಳ ತಿದ್ದುಪಾಟಿನಲ್ಲಿ ನಕ್ಷೆಯೂ ಸಾರುವ ಕ್ರಮವೂ ಡೈಕ್‌ಸ್ಟ್ರಾ ವಿಧಾನವೂ ಮೊದಲಿದ್ದಂತೆಯೇ ಉಳಿದುವು. ಬದಲಾದುದು ಸಾರುವ ಅಂಕವೊಂದೇ. ಖನ್ನಾ ಮತ್ತು ಜಿಂಕಿ ಇವರ 1989 ರ ಲೇಖನದಲ್ಲಿ ಇದರ ವಿವರವಿದೆ. ಅಳೆದ ಕಾಲದಿಂದ ತಂತಿಯ ಬಳಕೆಯನ್ನು ಊಹಿಸಿ, ಹಿಂದಿನ ಬೆಲೆಯೊಡನೆ ಸರಾಸರಿ ಮಾಡಿ, ಒಂದು ಸಲಕ್ಕೆ ಇಷ್ಟಕ್ಕಿಂತ ಹೆಚ್ಚು ಏರಬಾರದೆಂದು ಕಟ್ಟುಮಾಡಿದರು. ತುಂಬಿದ ತಂತಿಯು ಬರಿದಾದಾಗಿನ ಬೆಲೆಯ ಮೂರು ಮಡಿಯನ್ನು ಮೀರುವಂತಿಲ್ಲ. ಅತಿ ದುಬಾರಿಯಾದ ತಂತಿಯೂ ಅತಿ ಅಗ್ಗವಾದುದರ ಏಳು ಮಡಿಯನ್ನು ಮೀರುವಂತಿಲ್ಲ. ಬೆಲೆಯು ಮೆಲ್ಲನೆ ಏರುವುದರಿಂದ, ಸರಿಸಮಾನವಾದ ಬೇರೆ ದಾರಿಯಿದ್ದ ಸಂಚಾರವು ಮೊದಲು ಕದಲುವುದು. ಬೇರೆ ದಾರಿಯು ಬಲು ಸುತ್ತಾಗಿರುವ ಸಂಚಾರವು ಅಲ್ಲಿಯೇ ನಿಲ್ಲುವುದು. ಪೂರ್ತಿ ನಿಜವನ್ನು ಹೇಳದ ಈ ಮಾನವೇ ಹೆಚ್ಚು ಕೆಲಸಕ್ಕೆ ಬಂದುದು ವಿಶೇಷ.

ಆರ್ಪಾನೆಟ್ಟನ್ನು 1990 ರಲ್ಲಿ ನಿಲ್ಲಿಸಲಾಯಿತು. 1988 ರಲ್ಲಿ ಲಿಖಿತರೂಪಕ್ಕೆ ಬಂದ ರಿಪ್ ಎಂಬ ಕ್ರಮವು ದಾಟುವ ನೆಲೆಗಳನ್ನು ಮಾತ್ರ ಎಣಿಸಿ, 16 ನ್ನು ಅನಂತವೆಂದು ಇಟ್ಟುಕೊಂಡಿತು. 1989 ರ ಓ.ಎಸ್.ಪಿ.ಎಫ್. ಕ್ರಮವು ನಕ್ಷೆಯನ್ನೂ ಡೈಕ್‌ಸ್ಟ್ರಾ ವಿಧಾನವನ್ನೂ ಉಳಿಸಿಕೊಂಡಿತಾದರೂ, ತಂತಿಯ ಬೆಲೆಯನ್ನು ಗೊತ್ತುಮಾಡುವುದನ್ನು ಜಾಲವನ್ನು ನಡೆಸುವವರ ಕೈಗೇ ಬಿಟ್ಟಿತು.