ಒಬ್ಬನ ಸಂಬಳ ಮತ್ತು ಮುಂಬಯಿಯ ಬದುಕು

ದುಬಾರಿ ನಗರದಲ್ಲಿ ಒಬ್ಬನ ಸಂಬಳ ಜೀವನಕ್ಕೆ ಸಾಲುತ್ತದೆಯೇ ಎಂಬ ಪ್ರಶ್ನೆಗೆ ಭಾರತದಲ್ಲಿ ಕನಿಷ್ಠ ನೂರು ವರ್ಷಗಳ ಲಿಖಿತ ಚರಿತ್ರೆಯಿದೆ, ಆ ಚರಿತ್ರೆಯ ಬಹುಭಾಗ ಮುಂಬಯಿಯ ಹತ್ತಿ ಗಿರಣಿಗಳ ಸುತ್ತ ನಡೆದದ್ದು. 1854ರಲ್ಲಿ ಕಾವಸ್‌ಜಿ ದಾವರ್ ಅಲ್ಲಿ ಮೊದಲ ಹತ್ತಿ ಗಿರಣಿಯನ್ನು ಸ್ಥಾಪಿಸಿದ ಮೇಲೆ ಅರ್ಧ ಶತಮಾನದೊಳಗೆ ಪರೇಲ್, ಲಾಲ್‌ಬಾಗ್, ಭಾಯಖಳಾ, ವರಳಿ ಪ್ರದೇಶಗಳೆಲ್ಲ ಸೇರಿ ಗಿರಣಗಾಂವ್, ಅಂದರೆ ಗಿರಣಿಗಳ ಊರು, ಎಂದೇ ಹೆಸರಾದವು. ಅಲ್ಲಿ ಕೂಲಿ ನಿಗದಿಯಾಗುತ್ತಿದ್ದ ಬಗೆಯನ್ನು ನೋಡಿದರೆ, ಅದು ಒಂದು ಸಂಸಾರ ನಗರದಲ್ಲಿ ನೆಲೆಯೂರಿ ಬಾಳುವುದಕ್ಕೆ ಬೇಕಾದಷ್ಟು ಎಂದೂ ಆಗಿರಲಿಲ್ಲ. ಒಂಟಿಯಾಗಿ ಬಂದು ದುಡಿಯುವ ಗಂಡಸೊಬ್ಬ ಹೇಗೋ ಉಸಿರು ಹಿಡಿದುಕೊಂಡಿರಲು ಬೇಕಾದಷ್ಟು ಮಾತ್ರ ಅದಾಗಿತ್ತು. ಉಳಿದ ಹೊರೆಯನ್ನು ಹಳ್ಳಿಯ ಹೊಲ, ಅಡುಗೆ ಮಾಡಿ ಬಡಿಸುತ್ತಿದ್ದ ಹೆಂಗಸರು, ಒಂದೇ ಕೋಣೆಯನ್ನು ಹಂಚಿಕೊಂಡ ಊರವರು ಮತ್ತು ಮುಂದೆ ಬಾಡಿಗೆಯ ಕಾನೂನು ಹೊತ್ತುಕೊಂಡವು.

ಗಿರಣಿಗಳಿಗೆ ಬಂದವರಲ್ಲಿ ಕೊಂಕಣದ ರತ್ನಾಗಿರಿ ಜಿಲ್ಲೆಯವರು ಬಹಳ, ದಖ್ಖನಿನ ಬಯಲು ಸೀಮೆಯವರೂ ಕಡಿಮೆಯಿರಲಿಲ್ಲ. 1921ರ ಜನಗಣತಿಯ ಹೊತ್ತಿಗೆ ಮುಂಬಯಿಯ ನಿವಾಸಿಗಳಲ್ಲಿ ಆ ನಗರದಲ್ಲೇ ಹುಟ್ಟಿದವರ ಪಾಲು ಆರರಲ್ಲಿ ಒಂದಕ್ಕಿಂತ ಹೆಚ್ಚಿರಲಿಲ್ಲ, ಸಾವಿರ ಗಂಡಸರಿಗೆ ಹೆಂಗಸರ ಸಂಖ್ಯೆ 525ರ ಆಸುಪಾಸಿನಲ್ಲಿತ್ತು. ಗಂಡ ನಗರದಲ್ಲಿ ದುಡಿಯುವುದು, ಹೆಂಡತಿ ಮಕ್ಕಳು ಮತ್ತು ಮುದುಕರು ಊರಿನ ತುಂಡು ನೆಲವನ್ನು ನಂಬಿ ಉಳಿಯುವುದು, ಬಿತ್ತನೆಗೋ ಕೊಯ್ಲಿಗೋ ಗಣೇಶನ ಹಬ್ಬಕ್ಕೋ ಅವನು ಊರಿಗೆ ಹೋಗಿ ಬರುವುದು ರೂಢಿಯಾಯಿತು. ಕಾಯಿಲೆ, ನಿರುದ್ಯೋಗ, ಮುಪ್ಪು ಯಾವುದು ಬಂದರೂ ಅವನು ಮರಳುತ್ತಿದ್ದುದು ಆ ನೆಲಕ್ಕೇ. ಜೆ. ಎಚ್. ವಿಟ್ಲಿ ಅವರ ಅಧ್ಯಕ್ಷತೆಯ ಕಾರ್ಮಿಕರ ರಾಯಲ್ ಆಯೋಗವು 1931ರ ತನ್ನ ವರದಿಯಲ್ಲಿ ಹಳ್ಳಿಯೊಂದಿಗಿನ ಈ ನಂಟನ್ನು ಒಂದು ಆಸ್ತಿಯೆಂದೇ ಪರಿಗಣಿಸಿ, ಅದನ್ನು ಕಡಿಯದೆ ಕ್ರಮಬದ್ಧಗೊಳಿಸಬೇಕೆಂದು ಸೂಚಿಸಿತು. ನಂಟು ಕಾರ್ಮಿಕನಿಗೆ ಆಸರೆಯಾಗಿತ್ತೆಂಬುದು ನಿಜ, ಆದರೆ ಅವನ ವಿಮೆ, ಪಿಂಚಣಿ ಮತ್ತು ಮಕ್ಕಳನ್ನು ಸಾಕುವ ಖರ್ಚನ್ನು ಗಿರಣಿಯ ಲೆಕ್ಕದಿಂದ ತೆಗೆದು ಬಡ ರೈತ ಕುಟುಂಬದ ಲೆಕ್ಕಕ್ಕೆ ಬರೆದದ್ದೂ ಅದೇ ನಂಟು. ಆಯೋಗ ಮೊದಲನೆಯದನ್ನು ಕಂಡಷ್ಟು ಸ್ಪಷ್ಟವಾಗಿ ಎರಡನೆಯದನ್ನು ಕಾಣಲಿಲ್ಲ.

ಸಂಬಳ ಸಾಲುತ್ತಿಲ್ಲವೆಂಬುದನ್ನು ಅಂಕಿಗಳಲ್ಲಿ ತೋರಿಸಲೇಬೇಕಾದ ಸ್ಥಿತಿಯನ್ನು ತಂದದ್ದು ಮೊದಲ ಮಹಾಯುದ್ಧದ ಬೆಲೆಯೇರಿಕೆ. ಧಾನ್ಯ ಮತ್ತು ಬಟ್ಟೆಯ ಬೆಲೆ ಏರುತ್ತಲೇ ಹೋಗಿ, 1919ರ ಜನವರಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಮೂಲ ಕೂಲಿಯನ್ನು ಮುಟ್ಟದೆ ಅದರ ಮೇಲೆ ಬೆಲೆಯೇರಿಕೆಗೆ ತಕ್ಕಂತೆ ಕೊಡುವ ಹೆಚ್ಚುವರಿ ಹಣ, ಅಂದರೆ ಇಂದು ಸರ್ಕಾರಿ ನೌಕರರೆಲ್ಲರಿಗೂ ಪರಿಚಿತವಾದ ತುಟ್ಟಿಭತ್ಯೆ, ಈ ದಿನಗಳಲ್ಲಿ ರೂಪ ತಳೆಯಿತು. 1921ರಲ್ಲಿ ಮುಂಬಯಿ ಸರ್ಕಾರ ಕಾರ್ಮಿಕ ಕಚೇರಿಯೊಂದನ್ನು ತೆರೆದು, 1914ರ ಜುಲೈ ತಿಂಗಳ ಬೆಲೆಗಳನ್ನು ನೂರು ಎಂದು ಹಿಡಿದು ಜೀವನವೆಚ್ಚದ ಸೂಚ್ಯಂಕವನ್ನು ಪ್ರಕಟಿಸತೊಡಗಿತು. 1920ರ ಕೊನೆಯ ತಿಂಗಳುಗಳ ಹೊತ್ತಿಗೆ ವೆಚ್ಚ ಯುದ್ಧಪೂರ್ವದ ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು.

ಆ ಕಚೇರಿಯ ನಿರ್ದೇಶಕ ಫಿಂಡ್ಲೆ ಶಿರಾಸ್ 1921-22ರಲ್ಲಿ ನಡೆಸಿ 1923ರಲ್ಲಿ ಪ್ರಕಟಿಸಿದ ವಿಚಾರಣೆ ಈ ವಿಷಯದ ಅತ್ಯಂತ ಅಮೂಲ್ಯ ದಾಖಲೆಗಳಲ್ಲೊಂದು. 2,473 ಕಾರ್ಮಿಕ ಕುಟುಂಬಗಳ ಮತ್ತು ಅವುಗಳಿಂದ ಬೇರೆಯಾಗಿ 603 ಒಂಟಿ ಗಂಡಸರ ತಿಂಗಳ ಆದಾಯ ಮತ್ತು ಖರ್ಚನ್ನು ಅದರಲ್ಲಿ ಬರೆದುಕೊಳ್ಳಲಾಯಿತು. ಕುಟುಂಬದ ಸರಾಸರಿ ತಿಂಗಳ ಆದಾಯ 52 ರೂಪಾಯಿ ಚಿಲ್ಲರೆ, ಅದರಲ್ಲಿ ಯಜಮಾನನ ದುಡಿಮೆಯ ಜೊತೆಗೆ ಹೆಂಗಸರ ಮತ್ತು ಮಕ್ಕಳ ದುಡಿಮೆಯೂ ಸೇರಿತ್ತು. ಖರ್ಚಿನ ಅರ್ಧಕ್ಕಿಂತ ಹೆಚ್ಚು ಊಟಕ್ಕೇ ಹೋಗುತ್ತಿದ್ದರೂ ಆ ಊಟದ ಬಗ್ಗೆ ವರದಿ ತಲುಪಿದ ತೀರ್ಮಾನ ಇಂದಿಗೂ ಓದುಗರನ್ನು ಬೆಚ್ಚಿಬೀಳಿಸುವಂಥದು: ಬರಪರಿಹಾರಕ್ಕೆಂದು ಸರ್ಕಾರ ರೂಪಿಸಿದ್ದ ಬರಗಾಲದ ಸಂಹಿತೆ ಅನುಮತಿಸುವ ಗರಿಷ್ಠ ಪ್ರಮಾಣದ ಧಾನ್ಯವನ್ನು ಕಾರ್ಮಿಕರು ತಿನ್ನುತ್ತಿದ್ದರು, ಆದರೆ ಮುಂಬಯಿಯ ಸೆರೆಮನೆ ಕೈಪಿಡಿ ಕೈದಿಗಳಿಗೆ ಗೊತ್ತುಪಡಿಸಿದ ಪ್ರಮಾಣ ಅವರಿಗೆ ದಕ್ಕುತ್ತಿರಲಿಲ್ಲ. ಬಾಡಿಗೆಗೆ ಹೋಗುತ್ತಿದ್ದುದು ನೂರಕ್ಕೆ ಎಂಟಕ್ಕಿಂತ ತುಸು ಕಡಿಮೆ. ಇಷ್ಟು ಸಣ್ಣ ಪಾಲನ್ನು ಕಂಡು ಮನೆಗಳು ಅಗ್ಗವಾಗಿದ್ದವೆಂದು ಭಾವಿಸಬಾರದು, ಏಕೆಂದರೆ ಅದೇ ವಿಚಾರಣೆಯ ಪ್ರಕಾರ ನೂರರಲ್ಲಿ 97 ಕುಟುಂಬಗಳು ಒಂದೇ ಕೋಣೆಯಲ್ಲಿ ಬಾಳುತ್ತಿದ್ದವು. ಬಾಡಿಗೆಯ ಪಾಲು ತಗ್ಗಿದ್ದು ಗೋಡೆಗಳನ್ನು ಒತ್ತರಿಸಿ. ಸುಮಾರು ಅರ್ಧದಷ್ಟು ಕುಟುಂಬಗಳು ಸಾಲದಲ್ಲಿದ್ದವು. ಇನ್ನು ಒಂಟಿ ಗಂಡಸರ ಪಟ್ಟಿಯಲ್ಲಿ ಎದ್ದು ಕಾಣುವುದು ಊರಿಗೆ ಕಳುಹಿಸಿದ ಹಣ. ಅದು ಅವರ ಆದಾಯದ ಕಾಲುಭಾಗದಷ್ಟಿತ್ತು.

ಕಾಲುಭಾಗವನ್ನು ಮನಿಆರ್ಡರ್ ಮಾಡಿದ ಮೇಲೆ ಉಳಿದದ್ದರಲ್ಲಿ ಬಾಳಲು ಸಾಧ್ಯವಾಗಿದ್ದು ಹಂಚಿಕೆಯಿಂದ. ಸಾಲುಸಾಲು ಕೋಣೆಗಳನ್ನು ಒಂದೇ ಮೊಗಸಾಲೆಗೆ ತೆರೆದು ಕಟ್ಟಿದ, ನಲ್ಲಿ ಮತ್ತು ಪಾಯಿಖಾನೆ ಎಲ್ಲರಿಗೂ ಸೇರಿದ ಮಹಡಿ ಮನೆಗಳನ್ನು ಚಾಳ್ ಎನ್ನುತ್ತಾರೆ. ಅಂಥ ಒಂದು ಕೋಣೆಯನ್ನು ಒಂದೇ ಊರಿನ ಹತ್ತಾರು ಗಂಡಸರು ಸೇರಿ ಹಿಡಿದು, ಹಗಲು ಪಾಳಿಯವರು ಎದ್ದುಹೋದ ಜಾಗದಲ್ಲಿ ರಾತ್ರಿ ಪಾಳಿಯವರು ಬಂದು ಮಲಗುತ್ತಿದ್ದರು. ಮುಂಬಯಿಯ ಗೋವೆಯ ಕ್ರೈಸ್ತರು, ಅದರಲ್ಲೂ ಹಡಗಿನಲ್ಲಿ ದುಡಿಯುವವರು, ಇದನ್ನು ಕೂಡ್ ಎಂಬ ಸಂಸ್ಥೆಯಾಗಿಯೇ ಬೆಳೆಸಿದರು. ಊರಿಗೊಂದರಂತೆ ಧೋಬಿ ತಲಾವ್, ಮಜಗಾಂವ್ ಸುತ್ತ ಇದ್ದ ಈ ಕೂಡ್‌ಗಳಲ್ಲಿ ಸದಸ್ಯನಿಗೆ ಸ್ವಂತದ್ದೆಂದು ಇರುತ್ತಿದ್ದುದು ಗೋಡೆಗೆ ತಾಗಿಸಿಟ್ಟ ಒಂದು ಪೆಟ್ಟಿಗೆ ಮತ್ತು ರಾತ್ರಿ ಚಾಪೆ ಹಾಸುವಷ್ಟು ನೆಲ, ಉಳಿದಂತೆ ಎದುರಿಗೆ ಎಲ್ಲರಿಗೂ ಸೇರಿದ ದೇವಪೀಠ. ತಿಂಗಳಿಗೆ ಅತ್ಯಲ್ಪ ವಂತಿಗೆ ಕೊಟ್ಟರೆ ಸಾಕಾಗುತ್ತಿತ್ತು. ಹೊಸದಾಗಿ ಬಂದವನಿಗೆ ಕೆಲಸದ ಸುದ್ದಿ ಸಿಗುತ್ತಿದ್ದುದೂ ಇಂಥ ಕೋಣೆಗಳಲ್ಲೇ.

ಮಲಗುವ ಜಾಗಕ್ಕಿಂತ ದೊಡ್ಡ ಸಮಸ್ಯೆ ಊಟದ್ದು, ಅದನ್ನು ಬಗೆಹರಿಸಿದ ಖಾನಾವಳಿಗಳ ಚರಿತ್ರೆಗೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ. ತಿಂಗಳಿಗೆ ಇಂತಿಷ್ಟು ಎಂದು ಹಣ ಪಡೆದು ಎರಡು ಹೊತ್ತು ಊಟ ಹಾಕುವ ಮನೆಗೆ ಖಾನಾವಳಿ ಎನ್ನುತ್ತಾರೆ, ಉತ್ತರ ಕರ್ನಾಟಕದಲ್ಲಿಯೂ ಈ ಮಾತು ಬಳಕೆಯಲ್ಲಿದೆ. ಗಿರಣಗಾಂವ್‌ನಲ್ಲಿ ಇದನ್ನು ನಡೆಸುತ್ತಿದ್ದವರು ಬಹುಪಾಲು ಕಾರ್ಮಿಕ ಕುಟುಂಬದ ಹೆಂಗಸರು, ವಿಧವೆಯರು, ಗಿರಣಿಯಲ್ಲಿ ಕೆಲಸ ಕಳೆದುಕೊಂಡವರ ಹೆಂಡಿರು. ಸಂಸಾರ ವಾಸವಾಗಿದ್ದ ಅದೇ ಒಂದು ಕೋಣೆಯಲ್ಲಿ ನಸುಕಿಗೆ ಎದ್ದು ಹತ್ತು, ಇಪ್ಪತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು ಮಂದಿಗೆ ರೊಟ್ಟಿ ತಟ್ಟಿ, ಪಾಳಿಯ ಪ್ರಕಾರ ಪಂಕ್ತಿ ಕೂರಿಸಿ ಬಡಿಸಿ, ಗಿರಣಿಯಿಂದ ಹೊರಬರಲಾಗದವರಿಗೆ ಬುತ್ತಿ ಕಳುಹಿಸುತ್ತಿದ್ದರು. ಒಂಟಿ ಗಂಡಸಿನ ಕೂಲಿ ಸಾಲುವಂತೆ ಕಂಡದ್ದು ಈ ಹೆಂಗಸರ ದುಡಿಮೆಗೆ ಸಿಗುತ್ತಿದ್ದ ಬೆಲೆ ಅತ್ಯಂತ ಕಡಿಮೆಯಾಗಿದ್ದುದರಿಂದ. ಮುಷ್ಕರದ ತಿಂಗಳುಗಳಲ್ಲಿ ಅವರು ಅಂಗಡಿಯವನಲ್ಲಿ ಸಾಲ ಮಾಡಿ, ಮೈಮೇಲಿನ ಒಡವೆಯನ್ನು ಒತ್ತೆಯಿಟ್ಟು, ಹಣ ಕೇಳದೆ ಉಣಬಡಿಸಿದರು. ಕಾರ್ಮಿಕ ಚಳವಳಿಯ ದೀರ್ಘ ಮುಷ್ಕರಗಳು ನಿಂತದ್ದು ಈ ಅಡುಗೆಮನೆಗಳ ಮೇಲೆ. 1975ರಲ್ಲಿ ಪ್ರೇಮಾ ಪುರಾವ್ ಇವರನ್ನು ಅನ್ನಪೂರ್ಣಾ ಮಹಿಳಾ ಮಂಡಲದಲ್ಲಿ ಸಂಘಟಿಸಿ, ಬಡ್ಡಿಯವರ ಹಿಡಿತದಿಂದ ಬಿಡಿಸಲು ರಾಷ್ಟ್ರೀಕೃತ ಬ್ಯಾಂಕಿನ ಸಾಲ ಕೊಡಿಸಿದಾಗಲೇ ಇದೊಂದು ಉದ್ಯೋಗವೆಂದು ಸಾರ್ವಜನಿಕವಾಗಿ ಗುರುತಾಯಿತು.

ಕನ್ನಡ ನಾಡಿನ ಕರಾವಳಿಗೂ ಈ ವ್ಯವಸ್ಥೆಗೂ ನೇರ ಸಂಬಂಧವಿದೆ. ದಕ್ಷಿಣ ಕನ್ನಡದಿಂದ ಹಡಗು ಹತ್ತಿ ಮುಂಬಯಿಗೆ ಬಂದ ಹುಡುಗರು ಹೋಟೆಲುಗಳಲ್ಲಿ ಮಾಣಿಗಳಾಗಿ, ಅಂದರೆ ತಿಂಡಿ ತಂದುಕೊಡುವ ಮತ್ತು ಮೇಜು ಒರೆಸುವ ಕೆಲಸಗಾರರಾಗಿ, ಸೇರಿದರು. ಸಂಬಳ ಅಲ್ಪವಾದರೂ ಊಟ ಹೋಟೆಲಿನದೇ, ಬಾಗಿಲು ಹಾಕಿದ ಮೇಲೆ ಬೆಂಚು ಅಥವಾ ನೆಲದ ಮೇಲೆ ನಿದ್ದೆ. ಹೀಗೆ ಬಾಡಿಗೆ ಮತ್ತು ಊಟ ಎರಡೂ ಲೆಕ್ಕದಿಂದ ತಪ್ಪಿದ್ದರಿಂದಲೇ ಊರಿಗೆ ಹಣ ಹೋಗುತ್ತಿತ್ತು. ಅವರಲ್ಲಿ ಹಲವರು ಕೆಲಸ ಮುಗಿಸಿ ಕನ್ನಡಿಗರ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದರು. ಮುಂಬಯಿಯ ಮಾಟುಂಗಾ ಬಡಾವಣೆಯ ಗುಮಾಸ್ತರ ಪಾಲಿಗೆ ಖಾನಾವಳಿಯ ಸ್ಥಾನದಲ್ಲಿ ಬೋರ್ಡಿಂಗ್‌ಗಳಿದ್ದವು. 1942ರಲ್ಲಿ ಎ. ರಾಮ ನಾಯಕ್ ಅಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ಬಾಳೆಲೆಯ ಊಟಕ್ಕೆ ಹೆಸರಾಗಿದೆ.

ಸಂಬಳದ ಮೊತ್ತದಷ್ಟೇ ಅದು ಕೈಸೇರುವ ದಿನವೂ ಮುಖ್ಯವಾಗಿತ್ತು. ಗಿರಣಿಗಳಲ್ಲಿ ಒಂದು ತಿಂಗಳ ಕೂಲಿ ಮುಂದಿನ ತಿಂಗಳ ನಡುವಿನಲ್ಲಿ ಸಿಗುತ್ತಿದ್ದುದರಿಂದ, ಹೊಸ ಕಾರ್ಮಿಕ ಮೊದಲ ಆರು ವಾರ ಸಾಲದಲ್ಲಿಯೇ ಬದುಕಬೇಕಾಗುತ್ತಿತ್ತು. ಆ ಸಾಲ ಕಿರಾಣಿ ಅಂಗಡಿಯವನಿಂದಲೋ ಪಠಾಣ ಲೇವಾದೇವಿಗಾರನಿಂದಲೋ, ಕೆಲಸಕ್ಕೆ ಜನರನ್ನು ತರುವ ಮತ್ತು ತೆಗೆಯುವ ಅಧಿಕಾರವಿದ್ದ ಜಾಬರ್ ಎಂಬ ಮೇಸ್ತ್ರಿಯಿಂದಲೋ ಬರುತ್ತಿತ್ತು, ಹೀಗಾಗಿ ಮೊದಲ ಸಂಬಳ ಕೈಗೆ ಬರುವ ಮುನ್ನವೇ ಅದರ ಮೇಲೆ ಬಡ್ಡಿ ಬೆಳೆದಿರುತ್ತಿತ್ತು. 1936ರ ವೇತನ ಪಾವತಿ ಕಾಯಿದೆ ಏಳು ಅಥವಾ ಹತ್ತು ದಿನಗಳೊಳಗೆ ಸಂಬಳ ಕೊಡಬೇಕೆಂದು ವಿಧಿಸಿದ್ದು ಈ ಕಾರಣದಿಂದ.

ವಸತಿಯ ವಿಷಯದಲ್ಲಿ ಸರ್ಕಾರ ಎರಡು ದಾರಿಗಳನ್ನು ಹಿಡಿಯಿತು. 1920ರ ದಶಕದ ಆರಂಭದಲ್ಲಿ ಮುಂಬಯಿ ಅಭಿವೃದ್ಧಿ ಇಲಾಖೆ ವರಳಿ, ನಾಯಗಾಂವ್, ಡಿಲೈಲ್ ರಸ್ತೆ ಮತ್ತು ಶಿವಡಿಗಳಲ್ಲಿ 207 ಕಾಂಕ್ರೀಟ್ ಚಾಳ್‌ಗಳನ್ನು ಕಟ್ಟಿಸಿತು. ಕೋಣೆಯೊಂದಕ್ಕೆ ಸುಮಾರು 160 ಚದರ ಅಡಿ. ಬಾಡಿಗೆ ಮತ್ತು ದೂರದ ಕಾರಣಕ್ಕೆ ಅವುಗಳಲ್ಲಿ ಅನೇಕವು ವರ್ಷಗಟ್ಟಲೆ ಖಾಲಿ ಬಿದ್ದವು, ವರಳಿಯ ಕೆಲವು ಕಟ್ಟಡಗಳು ಕಾನೂನುಭಂಗ ಚಳವಳಿಯ ಸತ್ಯಾಗ್ರಹಿಗಳಿಗೆ ತಾತ್ಕಾಲಿಕ ಸೆರೆಮನೆಯಾದವು. ಎರಡನೆಯ ದಾರಿ 1947ರ ಬಾಡಿಗೆ ನಿಯಂತ್ರಣ ಕಾಯಿದೆ. ಅದು ಬಾಡಿಗೆಯನ್ನು 1940ರ ಸೆಪ್ಟೆಂಬರ್ ಮಟ್ಟಕ್ಕೆ ಕಟ್ಟಿಹಾಕಿ, ಆಗಲೇ ಕೋಣೆ ಹಿಡಿದಿದ್ದ ಲಕ್ಷಾಂತರ ಸಾಮಾನ್ಯರನ್ನು ನಗರದಲ್ಲಿ ಉಳಿಸಿತು. ಆದರೆ ಹೊಸಬನಿಗೆ ಬಾಡಿಗೆಯ ಬದಲು ಪಗಡಿ, ಅಂದರೆ ಒಳಗೆ ಕಾಲಿಡಲು ಒಮ್ಮೆಗೇ ಕೊಡಬೇಕಾದ ದೊಡ್ಡ ಮೊತ್ತ, ಎದುರಾಯಿತು. ತಿಂಗಳ ಸಂಬಳವನ್ನೇ ನಂಬಿದವನಿಗೆ ಅದು ಎಟುಕುತ್ತಿರಲಿಲ್ಲ.

ಒಬ್ಬನ ದುಡಿಮೆ ಒಂದು ಸಂಸಾರವನ್ನು ನಡೆಸಬೇಕೆಂಬ ತತ್ತ್ವವನ್ನು ದೇಶ ಅಂಗೀಕರಿಸಿದ್ದು 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ. ದುಡಿಯುವವನೊಬ್ಬನ ಕನಿಷ್ಠ ವೇತನ ಮೂರು ಬಳಕೆ ಘಟಕಗಳ, ಅಂದರೆ ಮಕ್ಕಳನ್ನು ವಯಸ್ಕರಿಗಿಂತ ಕಡಿಮೆಯೆಂದು ಎಣಿಸಿದ ಲೆಕ್ಕದ, ಕುಟುಂಬಕ್ಕೆ ಸಾಲಬೇಕು, ಹೆಂಗಸರ ಮತ್ತು ಮಕ್ಕಳ ಗಳಿಕೆಯನ್ನು ಲೆಕ್ಕಕ್ಕೆ ಹಿಡಿಯಬಾರದು, ನಾಲ್ವರ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ ಇರಬೇಕು ಎಂದು ಅದು ಗೊತ್ತುಪಡಿಸಿತು. 1991ರಲ್ಲಿ ಸುಪ್ರೀಂ ಕೋರ್ಟ್ ರೆಪ್ಟಕೋಸ್ ಬ್ರೆಟ್ ಮೊಕದ್ದಮೆಯ ತೀರ್ಪಿನಲ್ಲಿ ಮಕ್ಕಳ ಶಿಕ್ಷಣ, ಔಷಧೋಪಚಾರ, ಮುಪ್ಪು ಮುಂತಾದವುಗಳಿಗೆಂದು ನೂರಕ್ಕೆ 25ರ ಪಾಲನ್ನು ಸೇರಿಸಿತು. ಇವೆರಡರ ನಡುವೆ, 1982ರ ಜನವರಿಯಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಆರಂಭವಾದ ಮಹಾಮುಷ್ಕರದ ನಂತರ ಗಿರಣಿಗಳೇ ಒಂದೊಂದಾಗಿ ಮುಚ್ಚತೊಡಗಿ, ಅವುಗಳ ನೆಲದಲ್ಲಿ ಗಗನಚುಂಬಿ ಮನೆಗಳೂ ಕಚೇರಿಗಳೂ ಎದ್ದವು. ಒಂಟಿ ಸಂಬಳಗಾರನನ್ನು ಮರೆಯಲ್ಲಿ ನಿಂತು ಪೋಷಿಸುತ್ತಿದ್ದ ಚಾಳ್ ಮತ್ತು ಖಾನಾವಳಿಗಳ ಜಾಲ ಅದರೊಂದಿಗೇ ಕರಗುತ್ತ ಬಂತು.

ಇಷ್ಟಾದರೂ, 2019ರ ವೇತನ ಸಂಹಿತೆಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಪ್ರಕಟಿಸಿದ ಕರಡು ನಿಯಮಗಳು ಮನೆ ಬಾಡಿಗೆಯನ್ನು ಊಟ ಮತ್ತು ಬಟ್ಟೆಯ ಖರ್ಚಿನ ನೂರಕ್ಕೆ ಹತ್ತು ಎಂದೇ ಹಿಡಿದವು. ಅಂದರೆ ಊಟ ಬಟ್ಟೆಗೆ ತಿಂಗಳಿಗೆ 15,000 ರೂಪಾಯಿ ಬೇಕಾಗುವ ಸಂಸಾರಕ್ಕೆ ಬಾಡಿಗೆಯೆಂದು ಸಿಗುವುದು 1,500 ರೂಪಾಯಿ. ಬಾಡಿಗೆ ಇಷ್ಟು ಸಣ್ಣ ಪಾಲಾಗಿದ್ದುದು ನೂರಕ್ಕೆ 97 ಕುಟುಂಬಗಳು ಒಂದೇ ಕೋಣೆಯಲ್ಲಿದ್ದ 1921ರ ಮುಂಬಯಿಯಲ್ಲಿ. ಮುಂಬಯಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಒಬ್ಬನ ಸಂಬಳ ಸಾಲುತ್ತದೆಯೇ ಎಂಬುದನ್ನು ಪ್ರಾಮಾಣಿಕವಾಗಿ ಅಳೆಯಬೇಕಾದರೆ ಕನಿಷ್ಠ ವೇತನದ ಲೆಕ್ಕದಲ್ಲಿ ಆಯಾ ನಗರದ ನಿಜವಾದ ಬಾಡಿಗೆಯನ್ನೇ ಹಿಡಿಯಬೇಕು, ಈ ತಿದ್ದುಪಡಿಯನ್ನು ಇನ್ನೂ ಮುಂದೂಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.