ಎರಡು ಪ್ರೊಸೆಸರ್‌ಗಳ ನಡುವೆ: ಮೆಗಾಹರ್ಟ್ಜ್‌ನಿಂದ ಕ್ಯಾಶ್‌ವರೆಗೆ

ಡೆಸ್ಕ್‌ಟಾಪ್ ಕಂಪ್ಯೂಟರ್ ಜೋಡಿಸಲು ಹೊರಟವರಿಗೆಲ್ಲ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಒಂದೇ ತಲೆಮಾರಿನ ಎರಡು ಪ್ರೊಸೆಸರ್‌ಗಳಿವೆ. ಕೋರ್‌ಗಳ ಸಂಖ್ಯೆ ಒಂದೇ, ಹೆಸರಿನಲ್ಲಿ ಒಂದೆರಡು ಅಕ್ಷರಗಳ ವ್ಯತ್ಯಾಸ. ಮನೆಯಲ್ಲಿ ಒಬ್ಬರಿಗೆ ಗೇಮ್ ಆಡಬೇಕು, ಇನ್ನೊಬ್ಬರಿಗೆ ವಿಡಿಯೊ ಎಡಿಟಿಂಗ್ ಮಾಡಬೇಕು. ಯಾವುದನ್ನು ಕೊಳ್ಳುವುದು? ಗೂಡಲೂರಿನವರು ಮೈಸೂರಿನ ಅಂಗಡಿಯಲ್ಲಿ ವಿಚಾರಿಸಲಿ, ಊಟಿಯವರು ಕೊಯಮತ್ತೂರಿನಲ್ಲಿ ವಿಚಾರಿಸಲಿ, ಉತ್ತರ ಬರುವುದು ಅಂಕಿಯಲ್ಲೇ: ಇಷ್ಟು ಗಿಗಾಹರ್ಟ್ಜ್, ಇಷ್ಟು ಕೋರ್, ಇಷ್ಟು ಸ್ಕೋರ್.

ಈ ಅಂಕಿಗಳಿಗೆ ಐದು ದಶಕಗಳ ಇತಿಹಾಸವಿದೆ. ಒಂದೊಂದು ಕಾಲದಲ್ಲಿ ಒಂದೊಂದು ಅಂಕಿ ಪಟ್ಟಕ್ಕೇರಿದೆ, ಮುಂದಿನ ಕಾಲದಲ್ಲಿ ಇಳಿದಿದೆ. ಆ ಏರಿಳಿತವನ್ನು ಗಮನಿಸಿದರೆ ತಿಳಿಯುವುದಿಷ್ಟು: ಕೆಲಸ ಯಾವುದೆಂದು ಗೊತ್ತಾಗದೆ ಯಾವ ಅಂಕಿಗೂ ಬೆಲೆಯಿಲ್ಲ. ಇದನ್ನು ಮನಗಾಣಿಸುವ ಉದಾಹರಣೆಗಳು ನೀಲಗಿರಿ ಜಿಲ್ಲೆಯಲ್ಲೇ, ಊಟಿಯ ಎರಡು ವಿಜ್ಞಾನ ಕೇಂದ್ರಗಳಲ್ಲಿ ಇವೆ.

ಗಡಿಯಾರದ ವೇಗವೇ ಎಲ್ಲವೂ ಆಗಿದ್ದ ಕಾಲ

1971ರಲ್ಲಿ ಬಂದ ಇಂಟೆಲ್ 4004 ಚಿಪ್‌ನಲ್ಲಿ ಇದ್ದದ್ದು ಸುಮಾರು 2,300 ಟ್ರಾನ್ಸಿಸ್ಟರ್‌ಗಳು. ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು 1981ರಲ್ಲಿ ಬಿಡುಗಡೆ ಮಾಡಿದಾಗ ಅದರೊಳಗಿದ್ದ ಇಂಟೆಲ್ 8088ರ ವೇಗ 4.77 ಮೆಗಾಹರ್ಟ್ಜ್. ಒಂದೇ ಕಂಪನಿಯನ್ನು ನೆಚ್ಚಿಕೊಳ್ಳಲು ಐಬಿಎಂ ಒಪ್ಪಲಿಲ್ಲ, ಎರಡನೆಯ ತಯಾರಕರೂ ಬೇಕೆಂದಿತು. ಆ ಒತ್ತಾಯದಿಂದ 1982ರಲ್ಲಿ ಇಂಟೆಲ್ ಮತ್ತು ಎಎಂಡಿ ನಡುವೆ ಒಪ್ಪಂದವಾಯಿತು. ಇಂದು ನಾವು ಮಾಡುವ ಹೋಲಿಕೆಗಳ ಬೇರು ಅಲ್ಲಿದೆ.

1991ರಲ್ಲಿ ಎಎಂಡಿ ತನ್ನ ಎಎಂ386 ಚಿಪ್ಪನ್ನು 40 ಮೆಗಾಹರ್ಟ್ಜ್ ವೇಗದಲ್ಲಿ ಮಾರಿತು. ಇಂಟೆಲ್‌ನ 386 ನಿಂತಿದ್ದು 33ರಲ್ಲಿ. ಎರಡೂ ಒಂದೇ ಸೂಚನೆಗಳನ್ನು ಬಹುತೇಕ ಒಂದೇ ರೀತಿ ನಡೆಸುತ್ತಿದ್ದುದರಿಂದ ಅಂದು ಮೆಗಾಹರ್ಟ್ಜ್ ಪ್ರಾಮಾಣಿಕ ಅಳತೆಯೇ ಆಗಿತ್ತು. ಹೆಚ್ಚು ವೇಗ ಎಂದರೆ ಹೆಚ್ಚು ಕೆಲಸ. 2000ದ ಮಾರ್ಚ್‌ನಲ್ಲಿ ಎರಡೂ ಕಂಪನಿಗಳು ಕೆಲವೇ ದಿನಗಳ ಅಂತರದಲ್ಲಿ ಒಂದು ಗಿಗಾಹರ್ಟ್ಜ್ ಮುಟ್ಟಿದವು.

ಅದೇ ವರ್ಷದ ನವೆಂಬರ್‌ನಲ್ಲಿ ಬಂದ ಪೆಂಟಿಯಂ 4 ಈ ಲೆಕ್ಕವನ್ನು ಕೆಡಿಸಿತು. ಒಂದು ಸೂಚನೆಯನ್ನು ಇಪ್ಪತ್ತು ಸಣ್ಣ ಹಂತಗಳಾಗಿ ಒಡೆದು ಗಡಿಯಾರವನ್ನು ವೇಗವಾಗಿ ಓಡಿಸುವುದು ಅದರ ವಿನ್ಯಾಸ. ಹಂತ ಹೆಚ್ಚಿದಷ್ಟೂ ಪ್ರತಿ ಮಿಡಿತದಲ್ಲಿ ಆಗುವ ಕೆಲಸ ಕಡಿಮೆ, ಮುಂದಿನ ಸೂಚನೆ ಯಾವುದೆಂಬ ಚಿಪ್‌ನ ಊಹೆ ತಪ್ಪಿದಾಗ ಆಗುವ ನಷ್ಟ ಹೆಚ್ಚು. ಇದಕ್ಕೆ ಉತ್ತರವಾಗಿ ಎಎಂಡಿ 2001ರಲ್ಲಿ 1.53 ಗಿಗಾಹರ್ಟ್ಜ್‌ನ ಚಿಪ್ಪಿಗೆ, ಗಡಿಯಾರದ ವೇಗದ ಬದಲು ಕೆಲಸದ ಸಾಮರ್ಥ್ಯ ಸೂಚಿಸುವಂತೆ, ಅಥ್ಲಾನ್ ಎಕ್ಸ್‌ಪಿ 1800+ ಎಂದು ಹೆಸರಿಟ್ಟಿತು. ಗಡಿಯಾರದ ವೇಗದ ಜೊತೆಗೆ ಪ್ರತಿ ಮಿಡಿತಕ್ಕೆ ಎಷ್ಟು ಕೆಲಸ ಎಂಬುದನ್ನೂ ಕೇಳಬೇಕೆಂದು ಗ್ರಾಹಕರು ಕಲಿತದ್ದು ಆಗ.

ಕೋರ್‌ಗಳ ಎಣಿಕೆ

2004ರ ಹೊತ್ತಿಗೆ ವೇಗದ ಓಟಕ್ಕೆ ಶಾಖ ತಡೆಯೊಡ್ಡಿತು. 4 ಗಿಗಾಹರ್ಟ್ಜ್ ಪೆಂಟಿಯಂ 4ರ ಯೋಜನೆಯನ್ನು ಇಂಟೆಲ್ ಕೈಬಿಟ್ಟಿತು. ಮರುವರ್ಷ ಪೆಂಟಿಯಂ ಡಿ ಮತ್ತು ಅಥ್ಲಾನ್ 64 ಎಕ್ಸ್2 ಬಂದವು. ಒಂದು ಕೋರ್ ಓಡಿಸುವ ಬದಲು ಎರಡನ್ನು ದುಡಿಸುವ ದಾರಿ ತೆರೆಯಿತು.

ಈ ತಿರುವಿನಲ್ಲಿ ಬೆಂಗಳೂರಿನ ಪಾಲೂ ಇದೆ. 2008ರಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಕ್ಸಿಯಾನ್ 7400, ಅಂದರೆ ‘ಡನ್ನಿಂಗ್‌ಟನ್’, ಅಲ್ಲಿನ ಎಂಜಿನಿಯರುಗಳ ಕೈಯಲ್ಲಿ ರೂಪುಗೊಂಡ ಸರ್ವರ್ ಚಿಪ್. ಒಂದೇ ಸಿಲಿಕಾನ್ ತುಂಡಿನಲ್ಲಿ ಆರು ಕೋರ್, 190 ಕೋಟಿ ಟ್ರಾನ್ಸಿಸ್ಟರ್, 16 ಎಂಬಿ ಎಲ್3 ಕ್ಯಾಶ್ (ಚಿಪ್‌ನೊಳಗೇ ಇರುವ ವೇಗದ ಮೆಮೊರಿ). ಎಎಂಡಿ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ತೆರೆದದ್ದೂ ಬೆಂಗಳೂರಿನಲ್ಲೇ.

ಕೋರ್‌ಗಳ ಎಣಿಕೆಗೂ ಮಿತಿ ಇದೆ ಎಂಬುದನ್ನು ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ತೋರಿಸಿದ್ದರು. ಕೆಲಸದ ಅರ್ಧ ಭಾಗ ಒಂದರ ನಂತರ ಒಂದಾಗಿಯೇ ನಡೆಯಬೇಕಾದದ್ದಾದರೆ, ಎಷ್ಟು ಕೋರ್ ಸೇರಿಸಿದರೂ ವೇಗ ಎರಡರಷ್ಟನ್ನು ದಾಟದು. 2011ರಲ್ಲಿ ಎಎಂಡಿಯ ಎಂಟು ಕೋರ್‌ಗಳ ಎಫ್ಎಕ್ಸ್-8150 ಬಂದಾಗ ಈ ಮಾತು ಮಾರುಕಟ್ಟೆಯಲ್ಲೇ ಸಾಬೀತಾಯಿತು. ಗೇಮ್‌ಗಳಲ್ಲಿ ಅದು ನಾಲ್ಕೇ ಕೋರ್‌ಗಳ ಇಂಟೆಲ್ ಸ್ಯಾಂಡಿ ಬ್ರಿಜ್ ಚಿಪ್‌ಗಳಿಗಿಂತ ಹಿಂದೆ ಬಿತ್ತು. ಆ ಎಂಟನ್ನೂ ಕೋರ್ ಎಂದು ಕರೆದದ್ದು ಸರಿಯೇ ಎಂಬ ವ್ಯಾಜ್ಯ ಅಮೆರಿಕದ ನ್ಯಾಯಾಲಯಕ್ಕೂ ಹೋಗಿ, 2019ರಲ್ಲಿ 1.21 ಕೋಟಿ ಡಾಲರ್ ರಾಜಿಯಲ್ಲಿ ಮುಗಿಯಿತು.

2017ರ ಮಾರ್ಚ್‌ನಲ್ಲಿ ರೈಜನ್ ಬಂದು ಸ್ಪರ್ಧೆಗೆ ಮತ್ತೆ ಜೀವ ಕೊಟ್ಟಿತು. ಎಂಟು ಕೋರ್‌ಗಳ ರೈಜನ್ 7 1800ಎಕ್ಸ್ ವಿಡಿಯೊ ರೆಂಡರಿಂಗ್‌ನಲ್ಲಿ ಮುಂದಿದ್ದರೆ, ನಾಲ್ಕು ಕೋರ್‌ಗಳ ಕೋರ್ ಐ7-7700ಕೆ ಗೇಮ್‌ಗಳಲ್ಲಿ ಮುಂದಿತ್ತು. ಗೇಮಿಂಗ್‌ಗೆ ಒಂದು, ಕೆಲಸಕ್ಕೆ ಒಂದು ಎಂಬ ಹೋಲಿಕೆಯ ಎರಡು ಕಾಲಂಗಳು ಆಗ ಗಟ್ಟಿಯಾದವು. 2021ರ ನವೆಂಬರ್‌ನಲ್ಲಿ ಇಂಟೆಲ್ 12ನೇ ತಲೆಮಾರು ದೊಡ್ಡ ಕೋರ್ ಮತ್ತು ಚಿಕ್ಕ ಕೋರ್‌ಗಳನ್ನು ಒಂದೇ ಚಿಪ್‌ನಲ್ಲಿ ಕೂಡಿಸಿತು. ಅಂದಿನಿಂದ ಬರೀ ಕೋರ್‌ಗಳ ಸಂಖ್ಯೆ ಹೇಳಿದರೆ ಏನೂ ತಿಳಿಯದು. ಯಾವ ಬಗೆಯ ಕೋರ್ ಎಷ್ಟು ಎಂದು ಕೇಳಬೇಕು.

ಊಟಿಯ ಎರಡು ಬಗೆಯ ಲೆಕ್ಕ

ಗೇಮಿಂಗ್ ಮತ್ತು ಕೆಲಸ ಎಂಬ ಎರಡು ಕಾಲಂಗಳ ಅರ್ಥ ನಿಚ್ಚಳವಾಗಬೇಕಾದರೆ ಊಟಿಗೆ ಬರಬೇಕು. ಮುತ್ತೊರೈ ಇಳಿಜಾರಿನಲ್ಲಿ ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕಟ್ಟಿದ ರೇಡಿಯೊ ದೂರದರ್ಶಕ 1970ರಲ್ಲಿ ಸಿದ್ಧವಾಯಿತು. ಉದ್ದ 530 ಮೀಟರ್, ಅಗಲ 30 ಮೀಟರ್. ಬೆಟ್ಟದ ಇಳಿಜಾರು ಅಲ್ಲಿನ ಅಕ್ಷಾಂಶಕ್ಕೆ ಸಮ, ಸುಮಾರು 11 ಡಿಗ್ರಿ. ಹಾಗಾಗಿ ದೂರದರ್ಶಕದ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿದ್ದು, ಒಂದೇ ದಿಕ್ಕಿನಲ್ಲಿ ತಿರುಗಿಸುತ್ತ ಗಂಟೆಗಟ್ಟಲೆ ಒಂದು ಆಕಾಶಕಾಯವನ್ನು ಹಿಂಬಾಲಿಸಬಹುದು.

ಈ ದೂರದರ್ಶಕಕ್ಕೆ ಜೋಡಿಸಿದ ‘ಪಾಂಡರ್’ ಎಂಬ ಗ್ರಾಹಕ ವ್ಯವಸ್ಥೆಯ ವಿವರ 2015ರಲ್ಲಿ ಪ್ರಕಟವಾಯಿತು. ಮಾರುಕಟ್ಟೆಯಲ್ಲಿ ಸಿಗುವ ಗ್ರಾಫಿಕ್ಸ್ ಪ್ರೊಸೆಸರ್ ಬಳಸಿ ಪಲ್ಸಾರ್ ಎಂಬ ಮಿಡಿಯುವ ತಾರೆಗಳ ಸಂಕೇತಗಳನ್ನು ಬಂದ ಹಾಗೆಯೇ ಸಂಸ್ಕರಿಸುವುದು ಅದರ ಕೆಲಸ. ಪಲ್ಸಾರಿನ ಮಿಡಿತ ತಾರೆಗಳ ನಡುವಿನ ಎಲೆಕ್ಟ್ರಾನ್‌ಗಳನ್ನು ದಾಟಿ ಬರುವಾಗ ಕಡಿಮೆ ಆವರ್ತನದ ಭಾಗ ತಡವಾಗಿ ತಲುಪುತ್ತದೆ. ಆ ತಡವನ್ನು ಸರಿಪಡಿಸದಿದ್ದರೆ ಮಿಡಿತ ಕಲಸಿಹೋಗುತ್ತದೆ. 16 ಮೆಗಾಹರ್ಟ್ಜ್ ಅಗಲದ ಪಟ್ಟಿಗೆ ಸೆಕೆಂಡಿಗೆ ಕನಿಷ್ಠ 3.2 ಕೋಟಿ ಮಾದರಿಗಳು ಬೇಕು. ಈ ಸೆಕೆಂಡಿನ ಲೆಕ್ಕ ಮುಗಿಯುವ ಮೊದಲೇ ಮುಂದಿನ ಸೆಕೆಂಡಿನ ಮಾಹಿತಿ ಬಾಗಿಲಲ್ಲಿ ನಿಂತಿರುತ್ತದೆ. ಸರಾಸರಿ ವೇಗ ಚೆನ್ನಾಗಿದೆ ಎಂದರೆ ಇಲ್ಲಿ ಸಾಲದು, ಗಡುವು ತಪ್ಪಬಾರದು.

ಊಟಿಯಲ್ಲೇ ಇರುವ ವಿಶ್ವಕಿರಣ ಪ್ರಯೋಗಾಲಯದ ಗ್ರೇಪ್ಸ್-3 ಪ್ರಯೋಗದ್ದು ಇನ್ನೊಂದು ಬಗೆ. 2015ರ ಜೂನ್ 22ರಂದು ಅದರ ಮ್ಯೂಆನ್ ದೂರದರ್ಶಕ ಎರಡು ಗಂಟೆಗಳ ವಿಶ್ವಕಿರಣ ಸ್ಫೋಟವೊಂದನ್ನು ದಾಖಲಿಸಿತು. ಸೂರ್ಯನಿಂದ ಚಿಮ್ಮಿದ ಪ್ಲಾಸ್ಮಾ ಬಡಿದು ಭೂಮಿಯ ಕಾಂತಕವಚ ತಾತ್ಕಾಲಿಕವಾಗಿ ದುರ್ಬಲಗೊಂಡಿತ್ತು ಎಂಬ ತೀರ್ಮಾನಕ್ಕೆ ಬರಲು ವಾರಗಟ್ಟಲೆ ಸಿಮ್ಯುಲೇಶನ್ ನಡೆಸಬೇಕಾಯಿತು. ಅದಕ್ಕೆ ದುಡಿದದ್ದು ಪ್ರಯೋಗಾಲಯದ ಭೌತವಿಜ್ಞಾನಿಗಳೂ ಎಂಜಿನಿಯರುಗಳೂ ತಾವೇ ಕಟ್ಟಿಕೊಂಡ 1,280 ಕೋರ್‌ಗಳ ಕಂಪ್ಯೂಟರ್ ಸಮೂಹ. ಒಂದು ಕಣದ ಪಥದ ಲೆಕ್ಕಕ್ಕೆ ಇನ್ನೊಂದರ ಹಂಗಿಲ್ಲ. ಇಂಥಲ್ಲಿ ಒಂದು ಲೆಕ್ಕ ಒಂದು ಗಳಿಗೆ ತಡವಾದರೂ ಬಾಧೆಯಿಲ್ಲ, ವಾರದ ಕೊನೆಗೆ ಒಟ್ಟು ಎಷ್ಟು ಮುಗಿಯಿತು ಎಂಬುದೇ ಮುಖ್ಯ. ಆಮ್ಡಾಲ್ ಹೇಳಿದ ಮಿತಿ ಇಲ್ಲಿ ಹೆಚ್ಚು ಕಾಡುವುದಿಲ್ಲ. ಕೋರ್ ಸೇರಿಸಿದಷ್ಟೂ ಲಾಭ.

ಮನೆಯ ಕಂಪ್ಯೂಟರಿನಲ್ಲೂ ಇವೇ ಎರಡು ಬಗೆ. ಗೇಮ್ ಎಂದರೆ ಗಡುವಿನ ಕೆಲಸ. ರೆಂಡರಿಂಗ್, ವಿಡಿಯೊ ಎನ್‌ಕೋಡಿಂಗ್, ದೊಡ್ಡ ತಂತ್ರಾಂಶದ ಕಂಪೈಲ್ ಎಂದರೆ ಒಟ್ಟು ಮೊತ್ತದ ಕೆಲಸ.

ಸರಾಸರಿಯಿಂದ ಮಿಲಿಸೆಕೆಂಡಿಗೆ

ಗೇಮ್‌ಗಳನ್ನು ಅಳೆಯುವವರು ಬಹುಕಾಲ ಸೆಕೆಂಡಿಗೆ ಸರಾಸರಿ ಎಷ್ಟು ಫ್ರೇಮ್ ಎಂದಷ್ಟೇ ಬರೆಯುತ್ತಿದ್ದರು. 2011ರಲ್ಲಿ ‘ಟೆಕ್ ರಿಪೋರ್ಟ್’ ಜಾಲತಾಣದ ಸ್ಕಾಟ್ ವಾಸನ್ ಆ ಸೆಕೆಂಡಿನ ಒಳಗೆ ಇಣುಕಿ, ಒಂದೊಂದು ಫ್ರೇಮಿಗೂ ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ಪಟ್ಟಿ ಮಾಡಿದರು. 60 ಫ್ರೇಮ್ ಬೇಕಾದರೆ ಪ್ರತಿಯೊಂದಕ್ಕೂ 16.7 ಮಿಲಿಸೆಕೆಂಡ್ ಗಡುವು. 144 ಬೇಕಾದರೆ 6.9. ಸರಾಸರಿ ಚೆನ್ನಾಗಿದ್ದೂ ನಡುನಡುವೆ ಒಂದು ಫ್ರೇಮ್ 50 ಮಿಲಿಸೆಕೆಂಡ್ ತೆಗೆದುಕೊಂಡರೆ ಆಟ ಮುಗ್ಗರಿಸಿದಂತೆ ಕಾಣುತ್ತದೆ. ಇಂದು ವಿಮರ್ಶೆಗಳಲ್ಲಿ ಕಾಣುವ ‘1 ಪರ್ಸೆಂಟ್ ಲೋ’ ಅಂಕಿಗೆ, ಅಂದರೆ ಅತಿ ನಿಧಾನದ ನೂರರಲ್ಲೊಂದು ಪಾಲು ಫ್ರೇಮ್‌ಗಳ ವೇಗಕ್ಕೆ, ಜನಮನ್ನಣೆ ಬಂದದ್ದು ಈ ದಾರಿಯಲ್ಲೇ.

ಪ್ರೊಸೆಸರಿನ ಕಡೆಯಿಂದ ಫ್ರೇಮ್ ತಡವಾಗಲು ಒಂದು ಮುಖ್ಯ ಕಾರಣ ಮೆಮೊರಿಗಾಗಿ ಕಾಯುವುದು. ರ‍್ಯಾಮ್‌ನಿಂದ ಮಾಹಿತಿ ಬರಲು ಸುಮಾರು 70 ನ್ಯಾನೋಸೆಕೆಂಡ್ ಎಂದಿಟ್ಟುಕೊಂಡರೆ, 5 ಗಿಗಾಹರ್ಟ್ಜ್ ಕೋರ್ ಅಷ್ಟರಲ್ಲಿ 350 ಮಿಡಿತ ಸುಮ್ಮನೆ ಕಳೆಯಬೇಕಾಗಬಹುದು. ಪಕ್ಕದ ಎಲ್3 ಕ್ಯಾಶ್‌ನಲ್ಲಿದ್ದರೆ ಐವತ್ತರ ಆಸುಪಾಸಿನಲ್ಲಿ ಮುಗಿಯುತ್ತದೆ. ದೂರದ ಗೋದಾಮಿಗೆ ಹೋಗುವುದಕ್ಕೂ ಅಡುಗೆಮನೆಯ ಕಪಾಟಿಗೆ ಕೈ ಚಾಚುವುದಕ್ಕೂ ಇರುವ ವ್ಯತ್ಯಾಸ ಇದು. 2022ರ ಏಪ್ರಿಲ್‌ನಲ್ಲಿ ಬಂದ ರೈಜನ್ 7 5800ಎಕ್ಸ್3ಡಿ ಚಿಪ್‌ನಲ್ಲಿ ಎಎಂಡಿ ಕ್ಯಾಶ್ ಮೇಲೆ ಕ್ಯಾಶ್ ಪೇರಿಸಿ 96 ಎಂಬಿ ಮಾಡಿತು. ಗಡಿಯಾರ ನಿಧಾನವಾದರೂ ಗೇಮ್‌ಗಳಲ್ಲಿ ಅದು ಮುನ್ನುಗ್ಗಿತು.

ಎರಡು ಚಿಪ್, ಹತ್ತಿರದಿಂದ

ಹೋಲಿಕೆಗೆ ಇದಕ್ಕಿಂತ ಶುದ್ಧ ಜೋಡಿ ಸಿಗುವುದು ಕಷ್ಟ: 2022ರ ಸೆಪ್ಟೆಂಬರ್‌ನಲ್ಲಿ ಬಂದ ರೈಜನ್ 7 7700ಎಕ್ಸ್ ಮತ್ತು 2023ರ ಏಪ್ರಿಲ್‌ನಲ್ಲಿ ಬಂದ 7800ಎಕ್ಸ್3ಡಿ. ಎರಡೂ ಝೆನ್ 4 ವಿನ್ಯಾಸ, ಎರಡಕ್ಕೂ ಎಂಟು ಕೋರ್, ಹದಿನಾರು ಥ್ರೆಡ್, ಒಂದೇ ಸಾಕೆಟ್. ಮೊದಲನೆಯದರ ಗರಿಷ್ಠ ವೇಗ 5.4 ಗಿಗಾಹರ್ಟ್ಜ್, ಎಲ್3 ಕ್ಯಾಶ್ 32 ಎಂಬಿ. ಎರಡನೆಯದರ ವೇಗ 5.0, ಕ್ಯಾಶ್ 96 ಎಂಬಿ. ಮೇಲೆ ಕೂರಿಸಿದ ಕ್ಯಾಶ್ ಶಾಖ ಹೊರಹೋಗಲು ಅಡ್ಡ ಬರುತ್ತದೆ, ಹೆಚ್ಚು ವೋಲ್ಟೇಜನ್ನೂ ತಾಳದು. ವೇಗ ತಗ್ಗಿಸಿದ್ದು ಅದಕ್ಕೇ.

ರೆಂಡರಿಂಗ್, ಎನ್‌ಕೋಡಿಂಗ್‌ಗಳಲ್ಲಿ 7700ಎಕ್ಸ್ ಸ್ವಲ್ಪ ಮುಂದೆ. ಆ ಕೆಲಸಗಳಿಗೆ ಬೇಕಾದ ಮಾಹಿತಿ ಕ್ರಮವಾಗಿ ಹರಿದುಬರುತ್ತದೆ, ಆದ್ದರಿಂದ ಹೆಚ್ಚಿನ ಕ್ಯಾಶ್‌ನಿಂದ ದೊಡ್ಡ ಲಾಭವಿಲ್ಲ. ಗೇಮ್‌ಗಳಲ್ಲಿ 7800ಎಕ್ಸ್3ಡಿ ಮುಂದೆ. ನಗರ ಕಟ್ಟುವ, ವಿಮಾನ ಹಾರಿಸುವ, ನೂರಾರು ಪಾತ್ರಗಳನ್ನು ಏಕಕಾಲಕ್ಕೆ ನಡೆಸುವ ಆಟಗಳಲ್ಲಿ ಅಂತರ ದೊಡ್ಡದು. ಕೆಲವು ಆಟಗಳಲ್ಲಿ ಅತ್ಯಲ್ಪ. ಆದರೆ 4ಕೆ ಪರದೆಯಲ್ಲಿ ಆಡುವವರಿಗೆ ಗ್ರಾಫಿಕ್ಸ್ ಕಾರ್ಡೇ ಮಿತಿಯಾಗಿಬಿಡುತ್ತದೆ, ಎರಡು ಪ್ರೊಸೆಸರ್‌ಗಳ ವ್ಯತ್ಯಾಸ ಬಹುಪಾಲು ಅಳಿಸಿಹೋಗುತ್ತದೆ. 2024ರ ನವೆಂಬರ್‌ನ 9800ಎಕ್ಸ್3ಡಿ ಕ್ಯಾಶನ್ನು ಕೋರ್‌ಗಳ ಕೆಳಗೆ ಇಟ್ಟು ಶಾಖದ ಅಡ್ಡಿಯನ್ನು ಬಹುಮಟ್ಟಿಗೆ ನಿವಾರಿಸಿತು, ವೇಗ 5.2ಕ್ಕೆ ಏರಿತು, ಎರಡು ಕಾಲಂಗಳ ನಡುವಿನ ಕಂದಕವೂ ಕಿರಿದಾಯಿತು.

ವಿದ್ಯುತ್, ಶಾಖ, ಬಾಳಿಕೆ

ಡಬ್ಬಿಯ ಮೇಲಿನ ವ್ಯಾಟ್ ಅಂಕಿಯನ್ನು ನೆಚ್ಚಿ ನಿರ್ಧರಿಸಬಾರದು. 7700ಎಕ್ಸ್‌ಗೆ 105 ವ್ಯಾಟ್, 7800ಎಕ್ಸ್3ಡಿಗೆ 120 ವ್ಯಾಟ್ ಎಂದು ಬರೆದಿದೆ. ಪೂರ್ಣ ಹೊರೆ ಹಾಕಿದಾಗ ಮೊದಲನೆಯದು 140ರ ಆಸುಪಾಸಿಗೆ ಹೋಗುತ್ತದೆ, ಎರಡನೆಯದು ಸಾಮಾನ್ಯವಾಗಿ ನೂರರ ಕೆಳಗೇ ನಿಲ್ಲುತ್ತದೆ. ಬಾಳಿಕೆಯೂ ಹೋಲಿಕೆಯ ಕಾಲಂ ಆಗಿದೆ: 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳು ಅತಿ ವೋಲ್ಟೇಜ್‌ನಿಂದ ಅಸ್ಥಿರವಾಗುವುದು ಬೆಳಕಿಗೆ ಬಂದು, ಕಂಪನಿ ಮೈಕ್ರೊಕೋಡ್ ತಿದ್ದುಪಡಿ ನೀಡಿ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆ ಚಿಪ್ ಇರುವವರು ಬಯಾಸ್ ಅಪ್‌ಡೇಟ್ ಮಾಡಿಕೊಳ್ಳಲೇಬೇಕು.

ನೀಲಗಿರಿಯ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೋಣೆ ತಂಪಾದಷ್ಟೂ ಚಿಪ್ ತಂಪು. ಈ ವಿಷಯದಲ್ಲಿ ಬೇಸಗೆಯ ಮಸಿನಗುಡಿಗಿಂತ ಊಟಿಗೆ ಅನುಕೂಲ ಹೆಚ್ಚು. ಆದರೆ 2,200 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಐದನೇ ಒಂದರಷ್ಟು ಕಡಿಮೆ, ಫ್ಯಾನ್ ಅಷ್ಟೇ ಸುತ್ತಿದರೂ ಹೊತ್ತೊಯ್ಯುವ ಶಾಖ ಕಡಿಮೆ. ಎತ್ತರದಲ್ಲಿ ವಿಶ್ವಕಿರಣಗಳಿಂದ ಹುಟ್ಟುವ ನ್ಯೂಟ್ರಾನ್‌ಗಳೂ ಹೆಚ್ಚು, ಅವು ಮೆಮೊರಿಯ ಒಂದು ಬಿಟ್ಟನ್ನು ತಿರುಗಿಸಬಲ್ಲವು. ಗೇಮ್ ಆಡುವವರಿಗೆ ಇದು ಚಿಂತೆಯ ವಿಷಯವಲ್ಲ. ದಿನಗಟ್ಟಲೆ ಬಿಡದೆ ಲೆಕ್ಕ ಓಡಿಸುವವರು ಮಾತ್ರ ತಪ್ಪು ತಿದ್ದುವ ಇಸಿಸಿ ಮೆಮೊರಿಗೆ ಬೋರ್ಡಿನ ಬೆಂಬಲವಿದೆಯೇ ಎಂದು ಕೇಳಿ ಕೊಳ್ಳುವುದು ಲೇಸು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ವೇಗದ ಮಾನಿಟರ್, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಟ್ಟುಕೊಂಡು ಹೆಚ್ಚು ಹೊತ್ತು ಆಡುವವರು ಕ್ಯಾಶ್ ಹೆಚ್ಚಿರುವುದನ್ನು ಕೊಳ್ಳಲಿ, 1 ಪರ್ಸೆಂಟ್ ಲೋ ಅಂಕಿಯನ್ನು ನೋಡಲಿ. ಎಡಿಟಿಂಗ್, ರೆಂಡರಿಂಗ್‌ಗಳಿಂದ ಸಂಪಾದಿಸುವವರು ತಾವು ಬಳಸುವ ತಂತ್ರಾಂಶದ ಪರೀಕ್ಷೆಯನ್ನೇ ಹುಡುಕಿ, ಅದೇ ಬೆಲೆಗೆ ಹೆಚ್ಚು ಕೋರ್ ಸಿಗುವುದನ್ನು ಆರಿಸಲಿ. ಎರಡನ್ನೂ ಅಷ್ಟಿಷ್ಟು ಮಾಡುವ ಮನೆಗೆ ಎರಡರಲ್ಲಿ ಅಗ್ಗವಾದದ್ದೇ ಸಾಕು. ಉಳಿದ ಹಣವನ್ನು ರ‍್ಯಾಮ್‌ಗೆ, ಗ್ರಾಫಿಕ್ಸ್ ಕಾರ್ಡಿಗೆ, ಮಳೆಗಾಲದ ವಿದ್ಯುತ್ ಏರುಪೇರು ತಡೆಯುವ ಯುಪಿಎಸ್‌ಗೆ ಹಾಕಿದರೆ, ಪ್ರೊಸೆಸರಿನ ಹೆಸರಿನಲ್ಲಿ ಹೆಚ್ಚಿದ ಎರಡು ಅಕ್ಷರಗಳಿಗಿಂತ ಹೆಚ್ಚಿನ ಪ್ರಯೋಜನ ದಿನನಿತ್ಯ ಸಿಗುತ್ತದೆ.